ಗೋಜೋಗೆ ಹೊರಟಿದ್ದೀವಿ, ಯಾವ ಬೀಚ್ ಅನ್ನೋದನ್ನ ಗಾಳಿ ಹೇಳುತ್ತೆ

ಮೂರು ವಾರದಿಂದ ಒಂದು ಎಕ್ಸೆಲ್ ಶೀಟ್ ತುಂಬ್ತಾ ಇದ್ದೆ, ಸೋಮವಾರ ಈ ಬೀಚು ಮಂಗಳವಾರ ಆ ಬೀಚು ಬುಧವಾರ ಬೋಟು ಅಂತ, ನಿನ್ನೆ ರಾತ್ರಿ ಕೂತು ಅದನ್ನ ಪೂರ್ತಿ ಅಳಿಸಿಬಿಟ್ಟೆ. ಗೋಜೋ ದ್ವೀಪದ ಮ್ಯಾಪನ್ನ ಗಾಳಿ ದಿಕ್ಕಿನ ಜೊತೆ ಇಟ್ಕೊಂಡು ನೋಡಿದ ಮೇಲೆ ಗೊತ್ತಾಯ್ತು, ಇಷ್ಟು ಚಿಕ್ಕ ದ್ವೀಪದಲ್ಲಿ ಯಾವ ದಿನ ಯಾವ ಬೀಚ್ ಅಂತ ಮನೇಲಿ ಕೂತು ಬರೆದಿಟ್ರೆ ಪ್ರಯೋಜನ ಇಲ್ಲ.

ಹೋಗ್ತಿರೋದು ನಾಲ್ಕು ಜನ, ಅಮ್ಮ, ಅಕ್ಕ, ಅಕ್ಕನ ಒಂಬತ್ತು ವರ್ಷದ ಮಗಳು, ನಾನು. ಅಮ್ಮಂಗೆ ಸಮುದ್ರ ಅಂದ್ರೆ ಪ್ರಾಣ, ಆದ್ರೆ ಈಜು ಬರಲ್ಲ, ಮಂಡಿ ನೋವು ಬೇರೆ. ಸೊಂಟದ ಮಟ್ಟ ನೀರಲ್ಲಿ ಅರ್ಧ ಗಂಟೆ ಯಾರ ಕೈನೂ ಹಿಡ್ಕೊಳ್ಳದೆ ನಿಲ್ಲಬೇಕು, ಅಷ್ಟೇ ಅವಳ ಆಸೆ. ಅಂದ್ರೆ ನಮಗೆ ಫೋಟೋಲಿ ಚೆನ್ನಾಗಿರೋ ಬೀಚ್ ಬೇಡ, ಅವತ್ತು ಅಲೆ ಇಲ್ಲದ ಬೀಚ್ ಬೇಕು.

ಗೋಜೋ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದೇಶದ ಎರಡನೇ ದೊಡ್ಡ ದ್ವೀಪ, ದೊಡ್ಡದು ಅಂದ್ರೂ 67 ಚದರ ಕಿ.ಮೀ. ಮಾತ್ರ, ಉದ್ದ ಸುಮಾರು 14 ಕಿ.ಮೀ., ಅಗಲ 7. ಬಹಳ ಜನ ಮಾಲ್ಟಾ ಅಂತಲೇ ಹೆಸರಿರೋ ದೊಡ್ಡ ದ್ವೀಪದಲ್ಲಿ ರೂಮ್ ಮಾಡಿ ಇಲ್ಲಿಗೆ ಒಂದೇ ದಿನದ ಟ್ರಿಪ್ ಬಂದು ಸಂಜೆ ಫೆರಿ ಹತ್ತಿ ವಾಪಸ್ ಹೋಗ್ತಾರೆ. ನಂಗೆ ಅದು ಸರಿ ಅನ್ನಿಸಲ್ಲ, ಯಾಕಂದ್ರೆ ಆ ಒಂದು ದಿನ ಗಾಳಿ ಕೈಕೊಟ್ರೆ ಗೋಜೋ ಸಮುದ್ರ ಅಂದ್ರೆ ಹಿಂಗೇ ಅಂದ್ಕೊಂಡು ಹೋಗ್ಬಿಡ್ತಾರೆ. ನಾವು ಐದು ರಾತ್ರಿ ಅಲ್ಲೇ ಇರ್ತೀವಿ.

ಈಗ ಗಾಳಿ ವಿಷಯ. ಮೆಡಿಟರೇನಿಯನ್‌ನಲ್ಲಿ ಉಬ್ಬರ ಇಳಿತ ಅನ್ನೋದು ಹೆಚ್ಚುಕಮ್ಮಿ ಇಲ್ಲ ಅಂತಲೇ ಹೇಳ್ಬಹುದು, ಮಾಲ್ಟಾ ಸುತ್ತ ನೀರು ಏರಿಳಿಯೋದು ಗೇಣುದ್ದ ಅಷ್ಟೇ. ಹಾಗಾಗಿ ಸಮುದ್ರ ಶಾಂತವಾಗಿದೆಯೋ ರೊಚ್ಚಿಗೆದ್ದಿದೆಯೋ ಅನ್ನೋದು ಹೆಚ್ಚಾಗಿ ಗಾಳಿ ಲೆಕ್ಕ. ಅಲ್ಲಿನವರು ಒಂದೊಂದು ದಿಕ್ಕಿನ ಗಾಳಿಗೂ ಒಂದೊಂದು ಹೆಸರಿಟ್ಟಿದ್ದಾರೆ. ವಾಯವ್ಯದಿಂದ ಬರೋದು ಮಜ್ಜಿಸ್ಟ್ರಾಲ್, ವರ್ಷದಲ್ಲಿ ಜಾಸ್ತಿ ದಿನ ಬೀಸೋದು ಇದೇ. ಈಶಾನ್ಯದ್ದು ಗ್ರಿಗಾಲ್. ಆಗ್ನೇಯದಿಂದ, ಆಫ್ರಿಕಾ ಕಡೆಯಿಂದ ಸೆಕೆ ಹೊತ್ಕೊಂಡು ಬರೋದು ಶ್ಲೊಕ್ಕ್.

ರಮ್ಲಾ ಬೀಚ್ ಇದ್ಯಲ್ಲ, ಗೋಜೋದ ಅತಿ ದೊಡ್ಡ ಮರಳಿನ ಬೀಚು, ಕೆಂಪು ಕೆಂಪು ಮರಳು, ಅದರ ಪೂರ್ತಿ ಹೆಸರಿನ ಅರ್ಥಾನೇ ಕೆಂಪು ಮರಳು. ಅದು ಉತ್ತರಕ್ಕೆ ಮುಖ ಮಾಡಿದೆ. ಗ್ರಿಗಾಲ್ ಅಥವಾ ಮಜ್ಜಿಸ್ಟ್ರಾಲ್ ಜೋರಾಗಿ ಬೀಸಿದ ದಿನ ಅಲ್ಲಿ ಅಲೆ ಏಳುತ್ತೆ, ಕಾಲ ಕೆಳಗಿನ ಮರಳು ಸಮೇತ ಒಳಗೆ ಎಳೆಯುತ್ತೆ, ಅಮ್ಮನ್ನ ಅಂಥಾ ನೀರಿಗೆ ನಾನಂತೂ ಇಳಿಸಲ್ಲ. ಆದ್ರೆ ಮಜ್ಜಿಸ್ಟ್ರಾಲ್ ಬೀಸೋ ಅದೇ ದಿನ, ಅದೇ ಹೊತ್ತಲ್ಲಿ, ಕೆಲವೇ ಕಿಲೋಮೀಟರ್ ಆಚೆ ಆಗ್ನೇಯ ಮೂಲೇಲಿರೋ ಹೊಂಡೊಕ್ ಅನ್ನೋ ಪುಟ್ಟ ಕೊಲ್ಲಿ ಕೆರೆ ಥರ ಇರುತ್ತೆ, ಯಾಕಂದ್ರೆ ಇಡೀ ದ್ವೀಪ ಅದಕ್ಕೆ ಗೋಡೆಯಾಗಿ ನಿಂತಿರುತ್ತೆ. ಶ್ಲೊಕ್ಕ್ ಬೀಸಿದ್ರೆ ಲೆಕ್ಕ ಉಲ್ಟಾ, ಹೊಂಡೊಕ್ ಕೆಡುತ್ತೆ, ರಮ್ಲಾ ಸುಮ್ಮನಾಗುತ್ತೆ. ಇದು ಹೊಳೆದಾಗ ನಂಗೆ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿ ಹನ್ನೊಂದೂವರೆಗೆ ಅಕ್ಕಂಗೆ ಫೋನ್ ಮಾಡಿ ಎಬ್ಬಿಸ್ದೆ. ಚಿಕ್ಕ ದ್ವೀಪದ ಸುಖ ಇದೇ ನೋಡಿ, ಒಂದು ಕಡೆ ಸಮುದ್ರ ಕೆಟ್ರೆ ಅರ್ಧ ಗಂಟೆ ಒಳಗೆ ಇನ್ನೊಂದು ಕಡೆ ಇರಬಹುದು.

ಹೊಂಡೊಕ್ ಇರ್-ರುಮ್ಮಿಯೆನ್ ಅಂತ ಅದರ ಪೂರ್ತಿ ಹೆಸರು. ಮಾಲ್ಟೀಸ್ ಅರಬ್ಬಿಯಿಂದ ಬೆಳೆದ ಭಾಷೆ, ಬರೆಯೋದು ಮಾತ್ರ ರೋಮನ್ ಲಿಪೀಲಿ. ಹೊಂಡೊಕ್ ಅಂದ್ರೆ ಕಂದಕ, ರುಮ್ಮಿಯೆನ್ ಅಂದ್ರೆ ದಾಳಿಂಬೆ. ದಾಳಿಂಬೆ ಕಂದಕ! ಅಮ್ಮಂಗೆ ಹೇಳಿದ್ರೆ "ನಮ್ಮ ಹೊಂಡಾನೇ ಅಲ್ವೇನೇ ಅದು" ಅಂದ್ಲು, ಅವತ್ತಿಂದ ನಮ್ಮನೇಲಿ ಅದು ಹೊಂಡಾನೇ.

ಇಲ್ಲಿನ ಗಾಳಿ ಅಲೆ ಏನು ಮಾಡಬಲ್ಲವು ಅನ್ನೋದಕ್ಕೆ ಪಶ್ಚಿಮದ ಡ್ವೆಯ್ರಾ ನೋಡಿದ್ರೆ ಸಾಕು. ಅಜ್ಯೂರ್ ವಿಂಡೋ ಅಂತ ಸಮುದ್ರದಲ್ಲಿ ನಿಂತಿದ್ದ ಸುಣ್ಣಕಲ್ಲಿನ ದೊಡ್ಡ ಕಮಾನು, ಮಾಲ್ಟಾದ ಪೋಸ್ಟ್‌ಕಾರ್ಡ್‌ಗಳಲ್ಲೆಲ್ಲ ಇದ್ದದ್ದು, 2017ರ ಮಾರ್ಚ್ 8ರ ಬೆಳಿಗ್ಗೆ ಬಿರುಗಾಳಿಯಲ್ಲಿ ಕುಸಿದು ನೀರೊಳಗೆ ಹೋಯ್ತು. ಕಮಾನು ಇಲ್ಲ ಅಂತ ಡ್ವೆಯ್ರಾನ ಬಿಟ್ಟುಬಿಡೋರಿದ್ದಾರೆ, ದಯವಿಟ್ಟು ಬಿಡಬೇಡಿ. ಪಕ್ಕದಲ್ಲೇ ಇನ್‌ಲ್ಯಾಂಡ್ ಸೀ ಇದೆ, ಬಂಡೆ ಗೋಡೆ ಹಿಂದೆ ಸಿಕ್ಕಿಹಾಕ್ಕೊಂಡಿರೋ ಉಪ್ಪುನೀರಿನ ಕೊಳ, ಬಂಡೆ ಕೊರೆದ ಸುರಂಗದಲ್ಲಿ ಪುಟ್ಟ ದೋಣಿ ಹತ್ತಿ ಹೊರಗಿನ ಸಮುದ್ರಕ್ಕೆ ಹೋಗಬಹುದು. ಅಕ್ಕನ ಮಗಳು ಈಗಾಗಲೇ ಆ ಸುರಂಗದ ಚಿತ್ರ ಬರೆದು ಗೋಡೆಗೆ ಅಂಟಿಸಿದ್ದಾಳೆ. ಅಲೆ ಜೋರಿದ್ದ ದಿನ ದೋಣಿ ಬಿಡಲ್ಲ, ಹಾಗಾಗಿ ಇದಕ್ಕೂ ತಾರೀಖು ಹಾಕಿಲ್ಲ.

ರೂಮ್ ಮಾತ್ರ ಮೊದಲೇ ಗಟ್ಟಿ ಮಾಡ್ಬೇಕಾಯ್ತು. ಶ್ಲೆಂಡಿ ಅನ್ನೋ ಊರು, ನೈಋತ್ಯ ತೀರದ ಇಕ್ಕಟ್ಟಾದ ಕೊಲ್ಲಿ, ಎರಡೂ ಕಡೆ ಎತ್ತರದ ಬಂಡೆ, ನೀರಿನ ಪಕ್ಕದಲ್ಲೇ ಸಮತಟ್ಟಾದ ದಾರಿ, ಅಮ್ಮ ಸಂಜೆ ಮಂಡಿಗೆ ತೊಂದರೆ ಇಲ್ಲದೆ ನಡೀಬಹುದು. ಸ್ಯಾನ್ ಬ್ಲಾಸ್ ಅಂತ ಇನ್ನೊಂದು ಬೀಚು ತುಂಬಾ ಚಂದ ಇದೆ, ಅಲ್ಲಿಗೆ ಇಳಿಯೋ ದಾರಿ ವಿಪರೀತ ಕಡಿದಾಗಿದೆ, ಇಳಿದ್ರೂ ವಾಪಸ್ ಹತ್ತಬೇಕಲ್ಲ, ಅದನ್ನ ಬಿಟ್ವಿ.

ಯಾವಾಗ ಹೋಗೋದು ಅನ್ನೋದಕ್ಕೆ ಅಕ್ಕಂಗೂ ನಂಗೂ ಒಂದು ವಾರ ವಾದ ನಡೀತು. ಅವಳು ಮೇ ಅಂದ್ಲು, ಬಿಸಿಲು ಕಮ್ಮಿ ರೇಟೂ ಕಮ್ಮಿ ಅಂತ. ಆದ್ರೆ ಮೇ ತಿಂಗಳಲ್ಲಿ ನೀರು ಇನ್ನೂ ಚಳಿಗಾಲದ ತಂಪು ಬಿಟ್ಟಿರಲ್ಲ, 18-19 ಡಿಗ್ರಿ ಇರುತ್ತೆ. ಸಮುದ್ರ ಕಾಯೋದೂ ನಿಧಾನ ಆರೋದೂ ನಿಧಾನ, ಆಗಸ್ಟಲ್ಲಿ 26ರ ಹತ್ತಿರ ಹೋಗಿದ್ದು ಸೆಪ್ಟೆಂಬರ್ ಕೊನೇಲೂ 25ರ ಆಸುಪಾಸಲ್ಲೇ ಇರುತ್ತೆ. ಆಗಸ್ಟ್ ನಾವು ಯೋಚನೇನೂ ಮಾಡಲಿಲ್ಲ, 15ಕ್ಕೆ ಸಾಂತಾ ಮರಿಯಾ ಹಬ್ಬ, ಮಾಲ್ಟಾದವರೇ ರಜೆ ಹಾಕಿ ಗೋಜೋಗೆ ಬಂದಿಳೀತಾರೆ. ಕೊನೆಗೆ ಸೆಪ್ಟೆಂಬರ್ ಕೊನೇ ವಾರ ಅಂತಾಯ್ತು. ಆ ಹೊತ್ತಿಗೆ ಗುಡುಗು ಮಳೆ ಶುರುವಾಗೋ ಸಾಧ್ಯತೆ ಇದೆ, ಅದಕ್ಕೇ ಒಂದು ದಿನಕ್ಕೆ ಜಿಗಾಂತಿಯಾ ದೇವಾಲಯಗಳನ್ನ ಎತ್ತಿಟ್ಟಿದ್ದೀವಿ, ಐದು ಸಾವಿರ ವರ್ಷಕ್ಕಿಂತ ಹಳೇ ಕಲ್ಲಿನ ಕಟ್ಟಡಗಳು, ಈಜಿಪ್ಟಿನ ಪಿರಮಿಡ್‌ಗಿಂತ ಮುಂಚಿನವು.

ಹೋಗೋ ದಾರಿ ಸುಲಭ. ಗೋಜೋದಲ್ಲಿ ಪ್ಯಾಸೆಂಜರ್ ವಿಮಾನ ಇಳಿಯೋ ಏರ್‌ಪೋರ್ಟ್ ಇಲ್ಲ, ಮಾಲ್ಟಾ ಏರ್‌ಪೋರ್ಟಿಂದ ಎಕ್ಸ್1 ಬಸ್ಸು ಚಿರ್ಕೆವ್ವಾ ಬಂದರಿಗೆ ಹೋಗುತ್ತೆ, ಅಲ್ಲಿಂದ ಫೆರಿ 25 ನಿಮಿಷ. ಹೋಗುವಾಗ ಟಿಕೆಟ್ ಕೇಳಲ್ಲ, ವಾಪಸ್ ಬರುವಾಗ ಎರಡೂ ಸೇರಿಸಿ ತಗೋತಾರೆ, ದೊಡ್ಡವರಿಗೆ 4.65 ಯೂರೋ. ಕಾರನ್ನ ಗೋಜೋದಲ್ಲೇ ಬಾಡಿಗೆಗೆ ತಗೊಳ್ಳೋಣ ಅಂತ ಅಕ್ಕ ಹೇಳಿದ್ದು ಒಳ್ಳೇ ಐಡಿಯಾ, ಫೆರೀಲಿ ಕಾರಿಗೆ ಬೇರೆ ದುಡ್ಡು ಕೊಡೋದು ತಪ್ಪುತ್ತೆ. ಬಸ್ಸೂ ಇವೆ, ಆದ್ರೆ ಹೆಚ್ಚಿನವು ನಡುವಿನ ವಿಕ್ಟೋರಿಯಾ ಊರಿಗೆ ಬಂದು ಬದಲಾಯಿಸ್ಬೇಕು, ಬೆಳಿಗ್ಗೆ ಗಾಳಿ ನೋಡಿ ಹೊರಡೋರಿಗೆ ಕಾರೇ ವಾಸಿ. ಬ್ರಿಟಿಷರ ಆಳ್ವಿಕೆ ಇದ್ದ ದೇಶ, ಹಾಗಾಗಿ ರಸ್ತೆ ಎಡಗಡೆ ಓಡಿಸೋದು, ಪ್ಲಗ್ ಕೂಡ ಬ್ರಿಟನ್ನಿನ ಮೂರು ಚಪ್ಪಟೆ ಪಿನ್ನಿಂದು. ವೀಸಾ ಷೆಂಗೆನ್‌ದು, ಅಂದ್ರೆ ಯೂರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ, ಆರು ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು, ದೊಡ್ಡವರಿಗೆ ಫೀಸು 90 ಯೂರೋ, ಕಮ್ಮಿ ಅಂದ್ರೂ 30,000 ಯೂರೋದ ಟ್ರಾವೆಲ್ ಇನ್ಶೂರೆನ್ಸ್ ಕಡ್ಡಾಯ.

ಬ್ಲೂ ಲಗೂನ್ ಬಗ್ಗೆ ಎಲ್ಲರೂ ಕೇಳ್ತಾರೆ. ಪಕ್ಕದ ಕೊಮಿನೋ ದ್ವೀಪದ ತಿಳಿನೀಲಿ ನೀರಿನ ಕೊಲ್ಲಿ ಅದು, ನೀರಿನ ಬಣ್ಣ ನಿಜವಾಗ್ಲೂ ಫೋಟೋಲಿರೋ ಹಾಗೇ ಇದೆ, ಆದ್ರೆ ಜನ ಎಷ್ಟಾಗಿಬಿಟ್ರು ಅಂದ್ರೆ 2025ರಿಂದ ಮೊದಲೇ ಆನ್‌ಲೈನ್ ಬುಕ್ ಮಾಡ್ಕೊಂಡು ಹೋಗ್ಬೇಕು. ಇಡೀ ಕೊಮಿನೋ ದ್ವೀಪವೇ ಮೂರೂವರೆ ಚದರ ಕಿ.ಮೀ. ಜಾಗ. ನಾವು ಹೋಗ್ತಿಲ್ಲ, ಹೊಂಡದ ದಡದಲ್ಲಿ ನಿಂತ್ರೆ ಕೊಮಿನೋ ಎದುರಿಗೇ ಕಾಣುತ್ತೆ, ಅಷ್ಟು ಸಾಕು.

ಇನ್ನೊಂದು ಮಾತು ಹೇಳಲೇಬೇಕು. ದಡದಲ್ಲಿ ಕಂದು ಬಣ್ಣದ ಎಲೆ ರಾಶಿ ಬಿದ್ದಿದ್ರೆ ಗಲೀಜು ಅಂತ ಮೂಗು ಮುರೀಬೇಡಿ, ಅದು ಪೊಸಿಡೋನಿಯಾ, ಮೆಡಿಟರೇನಿಯನ್ ತಳದಲ್ಲಿ ಬೆಳೆಯೋ ಹುಲ್ಲು, ಮರಳು ಕೊಚ್ಚಿಹೋಗದ ಹಾಗೆ ದಡಾನ ಹಿಡಿದಿಟ್ಟಿರೋದೇ ಅದು. ಜೆಲ್ಲಿಫಿಶ್ ಕೂಡ ದಡದ ಕಡೆ ಬೀಸೋ ಗಾಳಿ ಜೊತೆಗೇ ತೇಲಿಕೊಂಡು ಬರುತ್ತೆ, ನೀರಿಗಿಳಿಯೋ ಮುಂಚೆ ಐದು ನಿಮಿಷ ನಿಂತು ನೋಡಿ, ಕುಟುಕಿದ್ರೆ ಸಮುದ್ರದ ನೀರಲ್ಲೇ ತೊಳೀಬೇಕು, ಸಿಹಿನೀರು ಹಾಕಬಾರದು. ಬಂಡೆ ಮೇಲೆ ಸೀ ಅರ್ಚಿನ್ ಅನ್ನೋ, ಮೈತುಂಬ ಮುಳ್ಳಿರೋ ಪುಟ್ಟ ಪ್ರಾಣಿಗಳು ಇರ್ತವೆ, ಅದಕ್ಕೇ ನಾಲ್ಕು ಜನಕ್ಕೂ ರಬ್ಬರ್ ಶೂ ತಗೊಂಡಾಗಿದೆ.

ಶೀಟಲ್ಲಿ ಈಗ ಉಳಿದಿರೋದು ನಾಲ್ಕೇ ಸಾಲು, ಒಂದೊಂದು ಗಾಳಿಗೆ ಒಂದೊಂದು ಕೊಲ್ಲಿ, ನಾಲ್ಕನೇದು ಮಳೆಗೆ. ಗೋಜೋ ಗಾಳಿ ತೋರಿಸೋ ಆ್ಯಪನ್ನ ಅಮ್ಮನ ಫೋನಿಗೂ ಹಾಕಿಕೊಟ್ಟಿದ್ದೆ. ಇವತ್ತು ಬೆಳಿಗ್ಗೆ ಆರೂವರೆಗೆ ಅವಳೇ ಫೋನ್ ಮಾಡಿದ್ಲು. "ಬಾಣದ ಗುರುತು ಎಡಗಡೆ ಮೇಲಿಂದ ಬಲಗಡೆ ಕೆಳಗೆ ತೋರಿಸ್ತಿದೆ ಕಣೇ, ಇದು ಆ ಮಜ್ಜಿಗೆ ಗಾಳಿ ತಾನೆ?" ಹೂಂ ಅಮ್ಮ, ಮಜ್ಜಿಸ್ಟ್ರಾಲ್ ಅಂದೆ. "ಹಂಗಾದ್ರೆ ಇವತ್ತು ಹೊಂಡಕ್ಕೆ ಹೋಗ್ಬೇಕಿತ್ತು" ಅಂದ್ಲು.