2000 ಅಂತ ಬರೆದಿರೋ ಸೆಲ್ಲೇ ಯಾಕೆ?

ನನ್ನ ಜೊತೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಕಳೆದ ವಾರ ಒಂದು ಪ್ರಶ್ನೆ ಕೇಳಿದ. ಅವನ ಒಂದು ಕೈಯಲ್ಲಿ 2000 ಎಂಎಎಚ್ ಎಂದು ಬರೆದಿದ್ದ ಡಬಲ್ ಎ ಸೆಲ್ ಇತ್ತು. ಇನ್ನೊಂದು ಕೈಯಲ್ಲಿ 2800 ಎಂದು ಬರೆದಿದ್ದ ಸೆಲ್. ಎಂಎಎಚ್ ಅಂದರೆ ಸೆಲ್ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ. "ಇದರಲ್ಲೇ ಜಾಸ್ತಿ ಇದೆ ಅಲ್ವಾ? ಇದನ್ನ ಯಾಕೆ ಮುಟ್ಟೋದೇ ಇಲ್ಲ ನೀವು?" ಮುಂದಿನ ಶಾಟ್‌ಗೆ ಲೈಟ್ ಹೊಂದಿಸುತ್ತಿದ್ದರು. ಹತ್ತು ನಿಮಿಷ ಬಿಡುವಿತ್ತು. ಆದರೆ ಹತ್ತು ನಿಮಿಷಕ್ಕೆ ಮುಗಿಯುವ ಮಾತಲ್ಲ ಇದು. ಅವತ್ತು ಅರ್ಧಕ್ಕೆ ನಿಂತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಲೊಕೇಶನ್ ಸೌಂಡ್ ಮಾಡುವವನು, ಅಂದರೆ ಶೂಟಿಂಗ್ ಜಾಗದಲ್ಲೇ ಧ್ವನಿ ರೆಕಾರ್ಡ್ ಮಾಡುವವನು. ನನ್ನ ಹತ್ತಿರ ಆರು ವೈರ್‌ಲೆಸ್ ಟ್ರಾನ್ಸ್‌ಮಿಟರ್‌ಗಳಿವೆ, ನಟರ ಮೈಮೇಲೆ ಕಟ್ಟಿ ಮೈಕಿನ ಧ್ವನಿಯನ್ನು ನನ್ನ ಕಡೆ ಕಳಿಸುವ ಪುಟ್ಟ ಪೆಟ್ಟಿಗೆಗಳು. ಒಂದೊಂದಕ್ಕೂ ಎರಡೆರಡು ಸೆಲ್. ದಿನಕ್ಕೆ ಒಮ್ಮೆ ಬದಲಾಯಿಸಿದರೂ 24 ಸೆಲ್ ಬೇಕು. ಮೊದಲ ಕೆಲವು ವರ್ಷ ಎಲ್ಲರ ಹಾಗೆ ನಾನೂ ಒಮ್ಮೆ ಬಳಸಿ ಬಿಸಾಡುವ ಆಲ್ಕಲೈನ್ ಸೆಲ್ ಬಳಸುತ್ತಿದ್ದೆ. ಊಟದ ಬಿಡುವಿನಲ್ಲಿ ಇನ್ನೂ ಅರ್ಧ ಜೀವ ಇದ್ದ ಸೆಲ್‌ಗಳನ್ನು ತೆಗೆದು ಚೀಲಕ್ಕೆ ಹಾಕುತ್ತಿದ್ದೆ. ಒಂದು ಶೆಡ್ಯೂಲ್ ಮುಗಿಯುವ ಹೊತ್ತಿಗೆ ಆ ಚೀಲ ಎತ್ತಲಾಗದಷ್ಟು ಭಾರ ಆಗುತ್ತಿತ್ತು. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಹಾಗಾಗಿ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್‌ಗೆ ಬದಲಾದೆ. ಆಗ ನಾನೂ ಅತಿ ದೊಡ್ಡ ಸಂಖ್ಯೆ ಇರುವುದನ್ನೇ ಹುಡುಕಿ ಕೊಂಡೆ.

ಮಳೆಯಿಂದ ಒಂದು ಶೂಟಿಂಗ್ ಎರಡು ವಾರ ಮುಂದೆ ಹೋಯಿತು. ಚಾರ್ಜ್ ಮಾಡಿಟ್ಟ ಸೆಲ್‌ಗಳು ಬ್ಯಾಗಿನಲ್ಲೇ ಇದ್ದವು. ಶೂಟಿಂಗ್ ಶುರುವಾದ ದಿನ ಅವನ್ನೇ ಹಾಕಿದೆ. ಒಂದೂವರೆ ಗಂಟೆ ಓಡುವಷ್ಟರಲ್ಲಿ, ಹಿರಿಯ ನಟರೊಬ್ಬರು ಮಾತಿನ ನಡುವೆ ಉಸಿರು ಎಳೆದುಕೊಂಡ ಜಾಗದಲ್ಲಿ, ನನ್ನ ಹೆಡ್‌ಫೋನ್‌ನಲ್ಲಿ ಏನೂ ಇಲ್ಲ. ಅವರು ಮಾತು ಮುಂದುವರಿಸಿದ್ದರು. ತುಟಿ ಅಲ್ಲಾಡುವುದು ಮಾನಿಟರ್‌ನಲ್ಲಿ ಕಾಣುತ್ತಿತ್ತು. ಆ ಟೇಕ್ ಮತ್ತೆ ಮಾಡಿದರು, ನಿಜ. ಆದರೆ ಮೊದಲಿನ ಹಾಗೆ ಬರಲಿಲ್ಲ. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೂತಿದೆ.

ಹಳೆಯ ಮಾದರಿಯ ನಿಕಲ್ ಸೆಲ್‌ಗಳು ಸುಮ್ನೆ ಇಟ್ಟರೂ ಸೋರುತ್ತವೆ, ಅಂದರೆ ಚಾರ್ಜ್ ತಾನೇ ಇಳಿದುಹೋಗುತ್ತದೆ. ಹಳತಾದಷ್ಟೂ ಜಾಸ್ತಿ ಸೋರುತ್ತವೆ. 2005ರಲ್ಲಿ ಸ್ಯಾನ್ಯೋ ಕಂಪನಿ ಎನೆಲೂಪ್ ಎಂಬ ನಿಕಲ್ ಸೆಲ್ ತಂದ ಮೇಲೆ ಈ ತೊಂದರೆ ತಗ್ಗಿತು. ಈಗ ಪ್ಯಾನಸಾನಿಕ್ ಹೆಸರಿನಲ್ಲಿ ಬರುತ್ತದೆ. ಚಾರ್ಜ್ ಮಾಡಿ ತಿಂಗಳುಗಟ್ಟಲೆ ಇಟ್ಟರೂ ಬಹುಪಾಲು ಹಾಗೇ ಉಳಿದಿರುತ್ತದೆ. ಬೇರೆ ಕಂಪನಿಗಳ ಇದೇ ಬಗೆಯ ಸೆಲ್‌ಗಳೂ ಇವೆ. ಇದರಲ್ಲೇ ಎರಡು ಬಗೆ: ಸಾಮಾನ್ಯದ್ದು 2000 ಎಂಎಎಚ್, ಪ್ರೋ 2500. ಮೊದಲನೆಯದನ್ನು 2100 ಸಲದವರೆಗೆ ಚಾರ್ಜ್ ಮಾಡಬಹುದು, ಪ್ರೋ 500 ಸಲ ಎಂದು ತಯಾರಕರೇ ಹೇಳಿದ್ದಾರೆ. ನನ್ನ ಸೆಲ್‌ಗಳು ಶೆಡ್ಯೂಲ್ ನಡೆಯುವಾಗ ಪ್ರತಿ ರಾತ್ರಿ ಚಾರ್ಜರ್ ಮೇಲೆ ಕೂರುತ್ತವೆ. ನನಗೆ ಇನ್ನೂ ಒಂದು ಗಂಟೆ ಜಾಸ್ತಿ ಓಡುವುದಕ್ಕಿಂತ ವರ್ಷಗಟ್ಟಲೆ ಒಂದೇ ಥರ ಓಡುವುದು ಮುಖ್ಯ. ಹುಡುಗನ ಕೈಯಲ್ಲಿದ್ದ 2800ರ ಸೆಲ್ ಯಾವ ಜಾತಿಯದೋ ಅದರ ಮೇಲೆ ಬರೆದೇ ಇರಲಿಲ್ಲ. ಹಾಗಾಗಿ ಅದನ್ನು ಮುಟ್ಟುವುದಿಲ್ಲ.

ಇನ್ನೊಂದು ವಿಷಯ, ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಲ್ಕಲೈನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ ಇಳಿಜಾರಿನಲ್ಲಿ ನಡೆದ ಹಾಗೆ ನಿಧಾನಕ್ಕೆ ಇಳಿಯುತ್ತದೆ. ಆ ಇಳಿಜಾರನ್ನು ನೋಡಿಯೇ ಟ್ರಾನ್ಸ್‌ಮಿಟರ್ ಬ್ಯಾಟರಿ ಕಡ್ಡಿಗಳನ್ನು ತೋರಿಸುತ್ತದೆ. ನಿಕಲ್ ಸೆಲ್ ಹಾಗಲ್ಲ. ಚಾರ್ಜರ್‌ನಿಂದ ತೆಗೆದಾಗ 1.4 ಇರುತ್ತದೆ. ಬೇಗ 1.2ರ ಆಸುಪಾಸಿಗೆ ಬಂದು ಅಲ್ಲೇ ಗಂಟೆಗಟ್ಟಲೆ ಸಮತಟ್ಟಾಗಿ ನಿಲ್ಲುತ್ತದೆ. ಆಮೇಲೆ ಬಂಡೆ ಅಂಚಿನಿಂದ ಬಿದ್ದ ಹಾಗೆ ಬೀಳುತ್ತದೆ. ಮೆನುವಿನಲ್ಲಿ ಬ್ಯಾಟರಿ ಬಗೆ ಆಲ್ಕಲೈನ್ ಎಂದೇ ಇದ್ದರೆ, ತುಂಬಿದ ನಿಕಲ್ ಸೆಲ್ ಕೂಡ ಅರ್ಧ ಖಾಲಿ ಎಂದು ಕಾಣಬಹುದು. ಹಾಗಾಗಿ ಹೊಸ ಸೆಟ್ ಬಂದರೆ ನಾನು ಮೊದಲು ತೆರೆಯುವುದು ಆ ಮೆನುವನ್ನೇ. ಸರಿಯಾಗಿ ಹೊಂದಿಸಿದ ಮೇಲೂ ಕೊನೆಯ ಕಡ್ಡಿಗೂ ಸಾವಿಗೂ ನಡುವೆ ಕೆಲವೇ ನಿಮಿಷ ಇರುತ್ತದೆ.

ಅದಕ್ಕೇ ನಾನು ಕಡ್ಡಿ ನಂಬುವುದಿಲ್ಲ, ಗಡಿಯಾರ ನಂಬುತ್ತೇನೆ. ಬಿಡುವಿನ ದಿನ ಟ್ರಾನ್ಸ್‌ಮಿಟರ್‌ಗೆ ಪೂರ್ತಿ ಚಾರ್ಜ್ ಆದ ಜೋಡಿ ಹಾಕಿ, ಮೈಕನ್ನು ಹಾಡುತ್ತಿರುವ ರೇಡಿಯೋ ಮುಂದೆ ಇಡುತ್ತೇನೆ. ರಿಸೀವರ್‌ನಿಂದ ಬರುವುದನ್ನು ರೆಕಾರ್ಡರ್‌ಗೆ ಹಾಕಿ ಬೇರೆ ಕೆಲಸಕ್ಕೆ ಹೋಗುತ್ತೇನೆ. ಸಂಜೆ ಫೈಲ್ ತೆರೆದರೆ ಅಲೆಗಳು ಎಲ್ಲಿ ನಿಂತು ಬರೀ ಗೆರೆ ಆಯಿತೋ ಅದೇ ಆ ಜೋಡಿಯ ನಿಜವಾದ ಆಯಸ್ಸು. ನನ್ನ ಒಂದು ಸೆಟ್‌ನಲ್ಲಿ 6 ಗಂಟೆ 50 ನಿಮಿಷ ಬಂತು. ಐದು ಗಂಟೆ ಓಡಿದ ಮೇಲೆ ಬದಲಾಯಿಸುವುದು ಎಂದು ನಿಗದಿ ಮಾಡಿದೆ. ಹಾಕಿದ ಸಮಯವನ್ನು ಕಾರ್ಟ್ ಮೇಲಿನ ಟೇಪಿನಲ್ಲಿ ಬರೆಯುತ್ತೇವೆ. ಆಮೇಲೆ ಯಾರೂ ಊಹೆ ಮಾಡಬೇಕಿಲ್ಲ.

1.5 ವೋಲ್ಟ್ ಕೊಡುವ ರೀಚಾರ್ಜ್ ಲಿಥಿಯಂ ಸೆಲ್ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಅದರೊಳಗೆ ವೋಲ್ಟೇಜ್ ಇಳಿಸುವ ಪುಟ್ಟ ಸರ್ಕ್ಯೂಟ್ ಇರುತ್ತದೆ. ಕೊನೆಯವರೆಗೂ 1.5 ಕೊಟ್ಟು ಆಮೇಲೆ ಪಟ್ಟನೆ ನಿಲ್ಲುತ್ತದೆ. ಅಲ್ಲಿಯವರೆಗೆ ಟ್ರಾನ್ಸ್‌ಮಿಟರ್ ಪೂರ್ತಿ ಇದೆ ಎಂದೇ ತೋರಿಸುತ್ತಿರುತ್ತದೆ. ಕೊನೆಗೆ ವೋಲ್ಟೇಜ್ ತಗ್ಗಿಸಿ ಸೂಚನೆ ಕೊಡುವ ಮಾದರಿಗಳೂ ಬಂದಿವೆ. ಆದರೆ ಆ ಸರ್ಕ್ಯೂಟ್ ಸ್ವಿಚ್ ಆಗುತ್ತಲೇ ಇರುತ್ತದೆ, ಅದೂ ಆಂಟೆನಾದಿಂದ ಎರಡು ಬೆರಳಿನ ದೂರದಲ್ಲಿ. ನಾನು ಪರೀಕ್ಷೆ ಮಾಡಿದ ಒಂದು ಬಗೆಯ ಸೆಲ್‌ನಲ್ಲಿ ಸಣ್ಣದೊಂದು ಕುಯ್ ಶಬ್ದ ಧ್ವನಿಯ ಕೆಳಗೆ ಸೇರಿಕೊಂಡಿತ್ತು. ಪಿಸುಮಾತಿನ ದೃಶ್ಯದಲ್ಲಿ ಅದು ಕೇಳಿಯೇ ಕೇಳುತ್ತದೆ. ಟಾರ್ಚ್‌ಗೆ ಇರಲಿ, ನಟರ ಬೆನ್ನಿಗೆ ಬೇಡ.

ಬಿಸಾಡುವ ಲಿಥಿಯಂ ಸೆಲ್ ಮಾತ್ರ ನಾಲ್ಕು ಯಾವಾಗಲೂ ಬ್ಯಾಗಿನಲ್ಲಿ ಇರುತ್ತವೆ. ಒಂದೊಂದು 15 ಗ್ರಾಂ ಅಷ್ಟೇ ತೂಕ. ತೀರಾ ಚಳಿ ಇರುವ ಕಡೆ, ಮತ್ತೆ ಒಂದೇ ಸೆಲ್ ಹಿಡಿಯುವ ಚಿಕ್ಕ ಟ್ರಾನ್ಸ್‌ಮಿಟರ್‌ಗೆ ಇದರ ಸಮ ಯಾವುದೂ ಇಲ್ಲ.

ಅಳತೆಯನ್ನೂ ನೋಡಿ. ಡಬಲ್ ಎ ಸೆಲ್ ದಪ್ಪ 14.5 ಮಿಲಿಮೀಟರ್ ಮೀರಬಾರದು. ಕೆಲವು ಸೆಲ್‌ಗಳು ಕೂದಲೆಳೆಯಷ್ಟು ಹೆಚ್ಚು ದಪ್ಪ ಇರುತ್ತವೆ, ಬಿಸಿಯಾದ ಮೇಲೆ ಗೂಡಿನೊಳಗೆ ಕಚ್ಚಿಕೊಳ್ಳುತ್ತವೆ. ಅದಕ್ಕೇ ಸೆಲ್ ಮೇಲೆ ಟೇಪ್ ಅಂಟಿಸಿ ನಂಬರ್ ಹಾಕಬೇಡಿ. ಮಾರ್ಕರ್‌ನಲ್ಲಿ ಬರೆದರೆ ಸಾಕು.

ನಂಬರ್ ಯಾಕೆ ಅಂದರೆ, ಸೆಲ್‌ಗಳು ಜೋಡಿಯಾಗಿ ಹುಟ್ಟಿ ಜೋಡಿಯಾಗಿ ಬದುಕಬೇಕು. ಎರಡರಲ್ಲಿ ಒಂದು ಮೊದಲು ಖಾಲಿಯಾದರೆ, ಇನ್ನೊಂದು ಅದರ ಮೂಲಕವೇ ಕರೆಂಟ್ ತಳ್ಳುತ್ತದೆ. ಖಾಲಿಯಾದದ್ದರ ಧ್ರುವ (ಪ್ಲಸ್, ಮೈನಸ್) ತಿರುಗಿ ಅದು ಒಳಗೇ ಹಾಳಾಗುತ್ತದೆ. ಆದ್ದರಿಂದ ಒಂದೇ ಪ್ಯಾಕೆಟ್ಟಿನ ಎರಡಕ್ಕೆ ಒಂದೇ ನಂಬರ್, ಜೊತೆಯಲ್ಲೇ ಬಳಕೆ, ಜೊತೆಯಲ್ಲೇ ಚಾರ್ಜ್. ಚಾರ್ಜರ್ ಮಾತ್ರ ಒಂದೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ನೋಡುವಂಥದ್ದು ಬೇಕು. ಸೆಲ್ ತುಂಬಿದ ಕ್ಷಣ ಅದರ ವೋಲ್ಟೇಜ್ ಚೂರು ಇಳಿಯುತ್ತದೆ, ಒಳ್ಳೆಯ ಚಾರ್ಜರ್ ಅದನ್ನು ಗುರುತಿಸಿ ನಿಲ್ಲಿಸುತ್ತದೆ. ತೀರಾ ನಿಧಾನ ಚಾರ್ಜ್ ಮಾಡಿದರೆ ಆ ಇಳಿತ ಕಣ್ಣಿಗೆ ಬೀಳದೆ ಹೋಗಬಹುದು. ಟೈಮರ್ ನಂಬಿದ ಅಗ್ಗದ ಚಾರ್ಜರ್ ಸೆಲ್ಲನ್ನು ಬೇಯಿಸಿಬಿಡುತ್ತದೆ.

ಡಬ್ಬಿಯಲ್ಲಿ ಚಾರ್ಜ್ ಆದ ಸೆಲ್‌ಗಳು ತಲೆ ಮೇಲೆ, ಬಳಸಿದವು ತಲೆ ಕೆಳಗೆ. ಕತ್ತಲಲ್ಲಿ ಬೆರಳಾಡಿಸಿದರೂ ಗೊತ್ತಾಗುತ್ತದೆ.

ನಿನ್ನೆ ರಾತ್ರಿ ಹುಡುಗನ ಜೊತೆ ಕೂತು ಎಲ್ಲ 18 ಜೋಡಿಗಳು ಎಷ್ಟು ಚಾರ್ಜ್ ಕೊಡುತ್ತವೆ ಎಂದು ಅಳೆದು ನೋಡಿದೆವು. ಏಳನೇ ಜೋಡಿಯಲ್ಲಿ ಒಂದು 1910 ಎಂಎಎಚ್ ಕೊಟ್ಟಿತು, ಇನ್ನೊಂದು 1430. ಎರಡರ ಮೇಲೂ ಅಡ್ಡಗೆರೆ ಎಳೆದು ಡಬ್ಬಿಯಿಂದ ಹೊರಗಿಟ್ಟೆ. ಹೊಸ ಪ್ಯಾಕೆಟ್ ಬಿಚ್ಚಿ ಅವನ ಕೈಗೆ ಮಾರ್ಕರ್ ಕೊಟ್ಟೆ. 19 ಎಂದು ಬರೆದ. ಆಮೇಲೆ ನಾನು ಹೇಳದೆಯೇ ಕೆಳಗೆ ಸಣ್ಣಗೆ ತಾರೀಕನ್ನೂ ಸೇರಿಸಿದ. ಇನ್ನು ಮುಂದೆ ಎಲ್ಲ ಜೋಡಿಗೂ ಹಾಗೇ ಬರೆಯುತ್ತೇವೆ.