ಪರದೇಶದ ಮನೆಯಲ್ಲಿ ಊರಿನ ಟಿವಿ

ಹೊಸ ದೇಶಕ್ಕೆ ಬಂದು, ಮನೆ ಸಿಕ್ಕಿ, ಇಂಟರ್ನೆಟ್ ಹಾಕಿಸಿಕೊಂಡ ಮೇಲೆ ಬರುವ ಮೊದಲ ರಜಾದಿನ ಬಹುಪಾಲು ಟಿವಿಯ ಪಾಲಾಗುತ್ತದೆ. ಸಂಜೆಗೆ ಊರಿನ ಚಾನೆಲ್‌ನಲ್ಲಿ ಪಂದ್ಯವೋ ಚುನಾವಣಾ ಫಲಿತಾಂಶವೋ ನೇರಪ್ರಸಾರ ಇರುತ್ತದೆ. ಬೆಳಿಗ್ಗೆ ಶುರುವಾದ ಜೋಡಣೆ ಪ್ರಸಾರ ಶುರುವಾಗುವ ಹೊತ್ತಿಗೂ ಮುಗಿದಿರುವುದಿಲ್ಲ. ಕೆಲಸ ಅಷ್ಟೇನೂ ಕಷ್ಟದ್ದಲ್ಲ. ಅಡ್ಡಿ ಒಂದು ಕಡೆ, ರಿಪೇರಿ ಇನ್ನೊಂದು ಕಡೆ, ಹಾಗಾಗಿಯೇ ದಿನ ಹೋಗುವುದು. ಈ ದೇಶದಲ್ಲಿ ಪ್ರಸಾರದ ಹಕ್ಕು ಇಲ್ಲದ್ದಕ್ಕೆ ನಿಂತಿರುವ ವಿಡಿಯೊಗೆ ರೂಟರ್ ಆಫ್ ಮಾಡಿ ಆನ್ ಮಾಡುತ್ತಾ ಕೂತರೆ ಏನೂ ಆಗುವುದಿಲ್ಲ.

ಊರಿನಿಂದ ಟಿವಿಯನ್ನೇ ಹೊತ್ತು ತಂದಿದ್ದರೆ ಮೊದಲು ಅದರ ಬೆನ್ನಿನ ಮೇಲಿನ ಲೇಬಲ್ ನೋಡಬೇಕು. 100-240 ವೋಲ್ಟ್ ಎಂದಿದ್ದರೆ ಪ್ಲಗ್ ಬದಲಿಸಿದರೆ ಸಾಕು. 220-240 ಮಾತ್ರ ಎಂದಿದ್ದು, ಬಂದಿರುವುದು 120 ವೋಲ್ಟ್‌ನ ದೇಶಕ್ಕಾದರೆ ಟ್ರಾನ್ಸ್‌ಫಾರ್ಮರ್ ಬೇಕು. ಅದರ ತೂಕ, ಬಿಸಿ, ಗುಂಯ್ ಎನ್ನುವ ಸದ್ದು ನೋಡಿದರೆ ಇಲ್ಲಿಯೇ ಒಂದು ಟಿವಿ ಕೊಳ್ಳುವುದು ವಾಸಿ. ಟಿವಿಯ ಆಂಟೆನಾ ಸಾಕೆಟ್ ಅನ್ನು ಮರೆತೇಬಿಡಿ. ಯೂರೋಪಿನಲ್ಲಿ ಡಿವಿಬಿ, ಉತ್ತರ ಅಮೆರಿಕ ಮತ್ತು ದಕ್ಷಿಣ ಕೊರಿಯಾದಲ್ಲಿ ಎಟಿಎಸ್‌ಸಿ, ಜಪಾನ್ ಮತ್ತು ಬ್ರೆಜಿಲ್‌ನಲ್ಲಿ ಐಎಸ್‌ಡಿಬಿ, ಹೀಗೆ ಪ್ರಸಾರದ ಪದ್ಧತಿಗಳೇ ಬೇರೆ. ಒಂದರ ಟ್ಯೂನರ್‌ಗೆ (ಪ್ರಸಾರ ಹಿಡಿಯುವ ಭಾಗಕ್ಕೆ) ಇನ್ನೊಂದು ಕಾಣಿಸುವುದೇ ಇಲ್ಲ. ಚಿತ್ರ, ಧ್ವನಿ ಎರಡನ್ನೂ ಟಿವಿಗೆ ಒಯ್ಯುವ ಎಚ್‌ಡಿಎಂಐ ತಂತಿ ಮಾತ್ರ ಎಲ್ಲ ಕಡೆ ಒಂದೇ. ಆದ್ದರಿಂದ ತಂದ ಟಿವಿಯನ್ನು ಬರೀ ಪರದೆ ಎಂದುಕೊಂಡು, ಉಳಿದದ್ದನ್ನು ಅದಕ್ಕೆ ಚುಚ್ಚುವ ಪೆಟ್ಟಿಗೆಗೆ ಬಿಡಬೇಕು.

ಡಿಶ್ ಹಾಕಿ ಊರಿನ ಉಪಗ್ರಹವನ್ನೇ ಹಿಡಿಯುವ ಆಸೆ ಇನ್ನೂ ಹಲವರಿಗಿದೆ. ಪಕ್ಕದ ದೇಶಕ್ಕೆ ಹೋದವರಿಗೆ ಅದು ದಕ್ಕುತ್ತದೆ, ಖಂಡ ದಾಟಿದವರಿಗೆ ಸಾಮಾನ್ಯವಾಗಿ ಇಲ್ಲ. ಟಿವಿ ಉಪಗ್ರಹ ಸಮಭಾಜಕ ವೃತ್ತದ ನೆತ್ತಿಯಲ್ಲಿ 35,786 ಕಿಲೋಮೀಟರ್ ಎತ್ತರದಲ್ಲಿ ನಿಂತಿರುತ್ತದೆ. ಅಲ್ಲಿಂದ ಭೂಮಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಾಣಿಸಿದರೂ, ಪ್ರಸಾರದ ಕಿರಣವನ್ನು ಒಂದು ದೇಶದ ಆಕಾರಕ್ಕೆ ಒತ್ತಿ ಹಿಡಿದಿರುತ್ತಾರೆ. ಆ ಅಂಚಿನಿಂದ ಸ್ವಲ್ಪ ಆಚೆ ಇದ್ದರೆ ದೊಡ್ಡ ಡಿಶ್ ಕೈಹಿಡಿಯುತ್ತದೆ: ವ್ಯಾಸ ಎರಡು ಪಟ್ಟಾದರೆ ಹಿಡಿಯುವ ಸಂಕೇತ ನಾಲ್ಕು ಪಟ್ಟು. ಕೂರಿಸುವಾಗ ಎಲ್ಲರೂ ಮೋಸಹೋಗುವುದು ರಿಸೀವರ್‌ನ ಎರಡು ಪಟ್ಟಿಗಳಲ್ಲಿ. 'ಸ್ಟ್ರೆಂತ್' 80 ತೋರಿಸಿ 'ಕ್ವಾಲಿಟಿ' ಸೊನ್ನೆಯಲ್ಲೇ ಇದ್ದರೆ ಡಿಶ್ ಬೇರೆ ಉಪಗ್ರಹವನ್ನು ನೋಡುತ್ತಿರಬಹುದು, ಇಲ್ಲವೇ ಬರೀ ಗದ್ದಲವನ್ನು ಅಳೆಯುತ್ತಿರಬಹುದು. ಕ್ವಾಲಿಟಿ ಏರುವವರೆಗೆ ಡಿಶ್ ಅನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ, ಕೊನೆಗೆ ಎಲ್‌ಎನ್‌ಬಿಯನ್ನು (ಡಿಶ್‌ನ ಮುಂದೆ ಕೂತು ಸಂಕೇತ ಹಿಡಿಯುವ ತಲೆಯನ್ನು) ಅದರ ಹಿಡಿಕೆಯಲ್ಲೇ ಸ್ವಲ್ಪ ತಿರುಗಿಸಿ ನೋಡಬೇಕು. ರೇಖಾಂಶ ಬದಲಾದಂತೆ ಈ ಓರೆಯೂ ಬದಲಾಗುತ್ತದೆ. ಇಷ್ಟೆಲ್ಲ ಮಾಡುವ ಮೊದಲು ಬಾಲ್ಕನಿ ಯಾವ ದಿಕ್ಕಿಗಿದೆ, ಡಿಶ್‌ಗೆ ಮನೆ ಮಾಲೀಕರ ಒಪ್ಪಿಗೆ ಇದೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಉಳಿದವರೆಲ್ಲ ಇಂಟರ್ನೆಟ್‌ಗೇ ಬರಬೇಕು. ಆಪ್ ತೆರೆದರೆ 'ಈ ಕಾರ್ಯಕ್ರಮ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ' ಎನ್ನುವ ಕಪ್ಪು ಪರದೆ. ಆಪ್ 'ಪ್ರದೇಶ' ಎನ್ನುವುದು ಒಂದೇ ವಿಷಯವನ್ನಲ್ಲ. ಇಂಟರ್ನೆಟ್‌ನ ಐಪಿ ವಿಳಾಸ (ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಯಾವ ದೇಶದ್ದು, ಖಾತೆ ತೆರೆದಾಗ ಕೊಟ್ಟ ದೇಶ ಯಾವುದು, ಹಣ ಕಟ್ಟಿದ ಕಾರ್ಡ್ ಎಲ್ಲಿಯದು, ಆಪ್ ಸ್ಟೋರ್ ಯಾವ ದೇಶದ್ದು, ಓಟಿಪಿ ಹೋಗುವ ಮೊಬೈಲ್ ಯಾವ ದೇಶದ್ದು, ಕೆಲವು ಆಪ್‌ಗಳಲ್ಲಿ ಫೋನಿನ ಜಿಪಿಎಸ್ ಏನು ಹೇಳುತ್ತದೆ. ಇವುಗಳಲ್ಲಿ ಯಾವುದು ತಡೆಯುತ್ತಿದೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಊರಿನ ಸಿಮ್ ಇನ್ನೂ ಫೋನಿನಲ್ಲಿದ್ದರೆ ವೈಫೈ ಆರಿಸಿ, ರೋಮಿಂಗ್ ಡೇಟಾದಲ್ಲಿ ಒಂದೇ ಒಂದು ನಿಮಿಷ ಅದೇ ಕಾರ್ಯಕ್ರಮ ಹಾಕಿ ನೋಡಿ. ರೋಮಿಂಗ್ ಡೇಟಾ ಸಾಮಾನ್ಯವಾಗಿ ಊರಿನ ಕಂಪನಿಯ ಜಾಲಕ್ಕೆ ವಾಪಸು ಹೋಗಿ ಅಲ್ಲಿಂದಲೇ ಇಂಟರ್ನೆಟ್‌ಗೆ ಇಳಿಯುತ್ತದೆ. ಹಾಗಾಗಿ ಫೋನ್ ಹೊರದೇಶದಲ್ಲಿದ್ದರೂ ಐಪಿ ಊರಿನದೇ. ರೋಮಿಂಗ್‌ನಲ್ಲಿ ಓಡಿ ವೈಫೈನಲ್ಲಿ ನಿಂತರೆ ತಡೆ ಐಪಿಯದು, ಖಾತೆ ಸರಿಯಿದೆ. ಎರಡರಲ್ಲೂ ನಿಂತರೆ ಖಾತೆ, ಕಾರ್ಡ್ ಅಥವಾ ಜಿಪಿಎಸ್ ಕಡೆ ನೋಡಬೇಕು. ಪರೀಕ್ಷೆ ಮುಗಿದ ಕೂಡಲೇ ರೋಮಿಂಗ್ ಆರಿಸುವುದನ್ನು ಮರೆಯಬಾರದು. ಸೆಕೆಂಡಿಗೆ 5 ಮೆಗಾಬಿಟ್‌ನ ಎಚ್‌ಡಿ ವಿಡಿಯೊ ಗಂಟೆಗೆ 2.25 ಜಿಬಿ ತಿನ್ನುತ್ತದೆ.

ಪ್ರವಾಸಿಗಳ ಇ-ಸಿಮ್‌ನಲ್ಲಿ ಈ ಪರೀಕ್ಷೆ ಮಾಡಬೇಡಿ. ಅವುಗಳ ಡೇಟಾ ಎಷ್ಟೋ ಸಲ ಊರೂ ಅಲ್ಲದ, ಇಲ್ಲಿಯದೂ ಅಲ್ಲದ ಮೂರನೇ ದೇಶದಲ್ಲಿ ಹೊರಬರುತ್ತದೆ.

ತಡೆಗೆ ಮೂಲ ಹಕ್ಕುಗಳ ಮಾರಾಟ. ಚಾನೆಲ್ ಕಾರ್ಯಕ್ರಮವನ್ನು ಕೊಳ್ಳುವುದು ಇಂಥ ದೇಶಕ್ಕೆ ಎಂದು. ಕ್ರೀಡೆಯಲ್ಲಂತೂ ಒಂದೇ ಪಂದ್ಯ ಒಂದೊಂದು ದೇಶದಲ್ಲಿ ಒಬ್ಬೊಬ್ಬರ ಕೈಯಲ್ಲಿರುತ್ತದೆ. ಹಾಗಾಗಿಯೇ ಅದೇ ಚಾನೆಲ್‌ನಲ್ಲಿ ವಾರ್ತೆ ಬಂದು, ಪಂದ್ಯದ ಹೊತ್ತಿಗೆ ಪರದೆ ಕಪ್ಪಾಗುತ್ತದೆ. ಚಾನೆಲ್‌ನ ಹೊರದೇಶದ ಆವೃತ್ತಿಯಲ್ಲಿ ಜಾಹೀರಾತು ಮಾರಾಟವಾಗದ ಜಾಗದಲ್ಲಿ 'ಸ್ವಲ್ಪ ಹೊತ್ತಿನಲ್ಲೇ ಮರಳುತ್ತೇವೆ' ಎಂಬ ಒಂದೇ ಫಲಕ, ಒಂದೇ ಸಂಗೀತ. ಆ ರಾಗ ಯಾವ ಧಾರಾವಾಹಿಯ ಶೀರ್ಷಿಕೆ ಗೀತೆಗಿಂತಲೂ ಚೆನ್ನಾಗಿ ಬಾಯಿಪಾಠವಾಗುತ್ತದೆ. ಪಂದ್ಯವೇ ಗುರಿಯಾಗಿದ್ದರೆ ಊರಿನ ಚಾನೆಲ್‌ನ ಹಿಂದೆ ಬೀಳದೆ, ಈ ದೇಶದಲ್ಲಿ ಹಕ್ಕು ಯಾರ ಬಳಿಯಿದೆ ಎಂದು ಹುಡುಕುವುದು ಜಾಣತನ. ಎಷ್ಟೋ ಬಾರಿ ಕಡಿಮೆ ಖರ್ಚಿನಲ್ಲಿ, ಒಳ್ಳೆಯ ಚಿತ್ರದೊಂದಿಗೆ ಇಲ್ಲೇ ಸಿಗುತ್ತದೆ. ವಿವರಣೆಯ ಭಾಷೆ ಮಾತ್ರ ಬೇರೆ. ವಾರ್ತೆ ಸಾಕು ಎನ್ನುವವರಿಗೆ ಹಲವು ಸುದ್ದಿವಾಹಿನಿಗಳ ಯೂಟ್ಯೂಬ್ ನೇರಪ್ರಸಾರ ತಡೆಯಿಲ್ಲದೆ ಬರುತ್ತದೆ. ಯೂರೋಪಿಯನ್ ಒಕ್ಕೂಟದೊಳಗೆ ಇನ್ನೊಂದು ಅನುಕೂಲವಿದೆ: 2018ರ ಏಪ್ರಿಲ್ 1ರಿಂದ, ಹಣ ಕಟ್ಟಿ ಪಡೆದ ಸೇವೆಯನ್ನು ಒಕ್ಕೂಟದ ಇನ್ನೊಂದು ದೇಶದಲ್ಲಿ ತಾತ್ಕಾಲಿಕವಾಗಿ ಇರುವಾಗಲೂ ನೋಡಬಹುದು. ವಾಸವನ್ನೇ ಬದಲಿಸಿದವರಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಇನ್ನು ವಿಪಿಎನ್, ಅಂದರೆ ನಿಮ್ಮ ಸಂಪರ್ಕವನ್ನು ಗೂಢಲಿಪಿಯಲ್ಲಿ ಇನ್ನೊಂದು ದೇಶದ ಕಂಪ್ಯೂಟರ್‌ಗೆ ಒಯ್ದು, ಅಲ್ಲಿಯ ಐಪಿಯಿಂದ ಇಂಟರ್ನೆಟ್‌ಗೆ ಬಿಡುವ ದಾರಿ. ಬಹಳಷ್ಟು ಸೇವೆಗಳ ಷರತ್ತಿಗೆ ಇದು ವಿರುದ್ಧ, ಕೆಲವು ದೇಶಗಳಲ್ಲಿ ವಿಪಿಎನ್ ಬಳಕೆಗೇ ಕಾನೂನಿನ ಕಟ್ಟುಪಾಡು ಇದೆ. ಎರಡನ್ನೂ ಓದಿಕೊಂಡೇ ಮುಂದುವರಿಯಬೇಕು. ಹಣ ಕೊಟ್ಟು ಕೊಳ್ಳುವ ವಿಪಿಎನ್ ಇಂದು ಓಡಿ ನಾಳೆ ನಿಲ್ಲುತ್ತದೆ, ಏಕೆಂದರೆ ಅದರ ಐಪಿಗಳು ಡೇಟಾ ಸೆಂಟರ್‌ಗಳವು, ಟಿವಿ ಸೇವೆಗಳು ಅವನ್ನು ಪಟ್ಟಿ ಮಾಡಿ ಮುಚ್ಚುತ್ತಾ ಹೋಗುತ್ತವೆ. ವಿಪಿಎನ್ ಹಾಕಿದರೂ ಅದೇ ಕಪ್ಪು ಪರದೆ ಬಂದರೆ ಮೊದಲ ಅನುಮಾನ ಐಪಿವಿ6 (ಐಪಿ ವಿಳಾಸದ ಹೊಸ ಬಗೆ, ಹಳೆಯದು ಐಪಿವಿ4) ಮೇಲಿರಲಿ: ವಿಪಿಎನ್ ಐಪಿವಿ4 ಅನ್ನು ಮಾತ್ರ ಹೊತ್ತೊಯ್ದು, ಐಪಿವಿ6 ಇಲ್ಲಿಯ ವಿಳಾಸದೊಂದಿಗೆ ನೇರ ಹೋಗುತ್ತಿರುತ್ತದೆ.

ತುಂಬಾ ಜನ ಎಡವುವ ಜಾಗ ಇನ್ನೊಂದು. ಫೋನಿನಲ್ಲಿ ವಿಪಿಎನ್ ಹಾಕಿದಾಗ ವಿಡಿಯೊ ಬರುತ್ತದೆ, 'ಕಾಸ್ಟ್' ಒತ್ತಿ ಟಿವಿಗೆ ಕಳಿಸಿದ ಕೂಡಲೇ ನಿಲ್ಲುತ್ತದೆ. ಕಾಸ್ಟ್ ಮಾಡುವಾಗ ಫೋನ್ ವಿಡಿಯೊ ಕಳಿಸುವುದಿಲ್ಲ, ಬರೀ ವಿಳಾಸ ಹೇಳುತ್ತದೆ. ವಿಡಿಯೊ ತರಿಸಿಕೊಳ್ಳುವುದು ಟಿವಿಗೆ ಚುಚ್ಚಿದ ಸ್ಟ್ರೀಮಿಂಗ್ ಕಡ್ಡಿ, ತನ್ನದೇ ಇಂಟರ್ನೆಟ್ ಮೂಲಕ. ಕಡ್ಡಿಗೆ ವಿಪಿಎನ್ ಇಲ್ಲ. ಪರದೆಯನ್ನೇ ಪ್ರತಿಬಿಂಬಿಸಲು ಹೋದರೆ ನಕಲು ತಡೆಯುವ ಡಿಆರ್‌ಎಂ ಚಿತ್ರವನ್ನು ಕಪ್ಪು ಮಾಡಿ ಧ್ವನಿಯನ್ನು ಮಾತ್ರ ಬಿಡಬಹುದು. ಲ್ಯಾಪ್‌ಟಾಪ್‌ನಿಂದ ಎಚ್‌ಡಿಎಂಐ ತಂತಿ ಎಳೆಯುವುದು, ಇಲ್ಲವೇ ವಿಪಿಎನ್ ಅನ್ನು ರೂಟರ್‌ನಲ್ಲೇ ಹಾಕುವುದು, ಇವೆರಡೇ ನೆಮ್ಮದಿಯ ದಾರಿ. ಅಗ್ಗದ ರೂಟರ್‌ನ ಪ್ರೊಸೆಸರ್ ಗೂಢಲಿಪಿಯ ಭಾರಕ್ಕೆ ಬಾಗುವುದರಿಂದ ವೇಗ ಅರ್ಧಕ್ಕಿಂತ ಕೆಳಗಿಳಿದರೆ ಆಶ್ಚರ್ಯಪಡಬೇಕಿಲ್ಲ.

ಊರಿನ ಮನೆಯಲ್ಲಿ ಯಾರಾದರೂ ಇದ್ದರೆ ಅಲ್ಲಿಯೇ ರಾಸ್ಪ್‌ಬೆರಿ ಪೈನಂಥ ಚಿಕ್ಕ ಕಂಪ್ಯೂಟರ್ ಇಟ್ಟು, ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿ, ಮನೆಯ ಇಂಟರ್ನೆಟ್‌ನಿಂದಲೇ ಹೊರಹೋಗುವಂತೆ ಮಾಡುವುದು ಹೆಚ್ಚು ಗಟ್ಟಿ. ಐಪಿ ಮನೆಯದೇ ಆಗಿರುವುದರಿಂದ ಪಟ್ಟಿಯಲ್ಲಿ ಸಿಕ್ಕಿಬೀಳುವುದು ಕಡಿಮೆ. ಷರತ್ತಿನ ಮಾತು ಇದಕ್ಕೂ ಸೇರುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಊರಿನ ಮನೆಯ ಅಪ್‌ಲೋಡ್ ವೇಗ. ಡೌನ್‌ಲೋಡ್ ಸೆಕೆಂಡಿಗೆ 100 ಮೆಗಾಬಿಟ್ ಇದ್ದು ಅಪ್‌ಲೋಡ್ 4 ಇದ್ದರೆ ಎಚ್‌ಡಿ ಬರುವುದಿಲ್ಲ. 5 ಮೆಗಾಬಿಟ್‌ನ ವಿಡಿಯೊಗೆ 8 ಆದರೂ ನಿರಂತರವಾಗಿ ಸಿಗಬೇಕು. ಹೊರಡುವ ಮೊದಲೇ ಇನ್ನೊಂದನ್ನು ನೋಡಿಕೊಳ್ಳಬೇಕು: ರೂಟರ್‌ನ ಪುಟದಲ್ಲಿ ಕಾಣುವ ವ್ಯಾನ್ (ಹೊರಜಾಲದ ಕಡೆಯ) ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ, ಸೇವೆ ಕೊಡುವವರು ಒಂದೇ ಹೊರವಿಳಾಸದ ಹಿಂದೆ ಹಲವು ಮನೆಗಳನ್ನು ಕೂರಿಸಿದ್ದಾರೆ ಎಂದರ್ಥ. ಆಗ ಹೊರಗಿನಿಂದ ನೇರವಾಗಿ ಮನೆಗೆ ಸಂಪರ್ಕ ಸಿಗದು. ಸ್ಥಿರ ಐಪಿ ಕೇಳಬೇಕು, ಇಲ್ಲವೇ ಟೇಲ್‌ಸ್ಕೇಲ್‌ನಂಥ ನಡುವೆ ಕೈಜೋಡಿಸುವ ಸೇವೆ ಬೇಕು. ಎಲ್ಲ ಸರಿಯಾದ ಮೇಲೂ ಆಪ್‌ನ ಪಟ್ಟಿ, ಪೋಸ್ಟರ್‌ಗಳು ಬಂದು ವಿಡಿಯೊ ಮಾತ್ರ ತಿರುಗುತ್ತಾ ನಿಂತರೆ ವೈರ್‌ಗಾರ್ಡ್‌ನ ಎಂಟಿಯು (ಒಂದು ಸಲಕ್ಕೆ ಕಳಿಸುವ ಡೇಟಾ ಪ್ಯಾಕೆಟ್‌ನ ಗರಿಷ್ಠ ಗಾತ್ರ) 1420 ಇದ್ದದ್ದನ್ನು 1280ಕ್ಕೆ ಇಳಿಸಿ ನೋಡಿ. ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲೇ ಬಿದ್ದುಹೋಗುವಾಗ ಕಾಣುವ ಲಕ್ಷಣ ಇದು. ಊರಿನ ಮನೆಯಲ್ಲಿ ರಾತ್ರಿ ಮಲಗುವಾಗ ರೂಟರ್ ಸ್ವಿಚ್ ಆರಿಸುವ ಅಭ್ಯಾಸ ಇದ್ದರೆ ಅದಕ್ಕೆ ಯಾವ ತಂತ್ರಜ್ಞಾನವೂ ಮದ್ದಲ್ಲ, ಫೋನ್ ಮಾಡಿಯೇ ಹೇಳಬೇಕು.

ಮನೆಯ ಟಿವಿ ಪೆಟ್ಟಿಗೆಯನ್ನೇ ದೂರದಿಂದ ನೋಡಲು 2005ರಿಂದ ಸ್ಲಿಂಗ್‌ಬಾಕ್ಸ್ ಎಂಬ ಸಾಧನ ಇತ್ತು. 2022ರ ನವೆಂಬರ್ 9ರಂದು ಕಂಪನಿಯ ಸರ್ವರ್‌ಗಳು ಮುಚ್ಚಿದ ಮೇಲೆ ಪೆಟ್ಟಿಗೆ ಚೆನ್ನಾಗಿದ್ದರೂ ಅಧಿಕೃತ ಆಪ್ ಕೆಲಸಕ್ಕೆ ಬಾರದಂತಾಯಿತು. 'ಎಲ್ಲ ದೇಶದ ಸಾವಿರಾರು ಚಾನೆಲ್, ವರ್ಷಕ್ಕೆ ಒಂದೇ ಸಲ ಹಣ' ಎನ್ನುವ ಪೆಟ್ಟಿಗೆಗಳು ಅದಕ್ಕಿಂತ ಬೇಗ ಮುಚ್ಚುತ್ತವೆ. ಅವು ಕದ್ದ ಪ್ರಸಾರ, ಕೆಲವಕ್ಕೆ ಜತೆಯಲ್ಲೇ ದುರುದ್ದೇಶದ ಸಾಫ್ಟ್‌ವೇರ್. ಮನೆಯ ಜಾಲದೊಳಗೆ ಬಿಟ್ಟುಕೊಳ್ಳಬೇಡಿ.

ಚಿತ್ರ ಬಂತು. ಈಗ ಕೆಳಗೆ ಓಡುವ ಸುದ್ದಿಪಟ್ಟಿಯನ್ನು ನೋಡಿ. ಅಕ್ಷರಗಳು ನಯವಾಗಿ ಜಾರದೆ ಕುಕ್ಕಿಕುಕ್ಕಿ ಚಲಿಸುತ್ತಿದ್ದರೆ ಎಲ್ಲರೂ ಇಂಟರ್ನೆಟ್‌ಗೆ ಬೈಯುತ್ತಾರೆ, ಆದರೆ ತಪ್ಪು ಅದರದ್ದಲ್ಲ. ಊರಿನ ಪ್ರಸಾರ ಸೆಕೆಂಡಿಗೆ 50 ಚಿತ್ರಗಳದ್ದಾಗಿ, ಟಿವಿ ಪೆಟ್ಟಿಗೆ 60ರಲ್ಲಿ ಹೊರಹಾಕುತ್ತಿದ್ದರೆ ಪ್ರತಿ ಐದನೇ ಚಿತ್ರವನ್ನು ಎರಡು ಸಲ ತೋರಿಸಬೇಕಾಗುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಎಡವು. ಮುಖಗಳಲ್ಲಿ ಇದು ಗೊತ್ತಾಗುವುದಿಲ್ಲ. ಸುದ್ದಿಪಟ್ಟಿಯಲ್ಲಿ, ಮೈದಾನದ ಮೇಲೆ ಕ್ಯಾಮೆರಾ ಅಡ್ಡ ತಿರುಗುವಾಗ ಕಣ್ಣಿಗೆ ಹೊಡೆಯುತ್ತದೆ. ಪೆಟ್ಟಿಗೆಯ ವಿಡಿಯೊ ಸೆಟ್ಟಿಂಗ್‌ನಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಆನ್ ಮಾಡಿ. ನೇರಪ್ರಸಾರದ ಎಷ್ಟೋ ಆಪ್‌ಗಳು ಅದಕ್ಕೆ ಸ್ಪಂದಿಸುವುದಿಲ್ಲ. ಆಗ ಔಟ್‌ಪುಟ್ ಅನ್ನೇ ಕೈಯಿಂದ 50 ಹರ್ಟ್ಸ್‌ಗೆ ಇಡಬೇಕು. ಇಲ್ಲಿಯ 60ರ ಕಾರ್ಯಕ್ರಮ ನೋಡುವಾಗ ಮತ್ತೆ ಬದಲಿಸಬೇಕು. ರೇಜಿಗೆ ಹೌದು, ಆದರೆ ಒಮ್ಮೆ ನಯವಾದ ಪಟ್ಟಿ ನೋಡಿದ ಕಣ್ಣು ಹಳೆಯದಕ್ಕೆ ಒಗ್ಗುವುದಿಲ್ಲ.

ಊರಿನಲ್ಲಿ ಗೋಲ್ ಬಿದ್ದ ಸಂದೇಶ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಮೊದಲು ಬರುತ್ತದೆ, ಗೋಲ್ ಆಮೇಲೆ ಬೀಳುತ್ತದೆ. ಇದಕ್ಕೆ ದೂರ ಕಾರಣವಲ್ಲ. ಇಂಟರ್ನೆಟ್ ವಿಡಿಯೊ ಸಾಮಾನ್ಯವಾಗಿ 6 ಸೆಕೆಂಡಿನ ತುಣುಕುಗಳಾಗಿ ಬರುತ್ತದೆ. ಪ್ಲೇಯರ್ ಅಂಥ ಮೂರು ತುಣುಕಿನಷ್ಟು ಹಿಂದೆ ನಿಂತು ಶುರುಮಾಡುವುದರಿಂದ ಅಲ್ಲಿಗೇ 18 ಸೆಕೆಂಡ್ ಆಯಿತು. ವಿಡಿಯೊ ತಯಾರಾಗುವ, ಸಾಗುವ ಹೊತ್ತೂ ಸೇರಿದರೆ ಅರ್ಧ ನಿಮಿಷ ಸಲೀಸಾಗಿ ದಾಟುತ್ತದೆ. ನಡುವೆ ಒಮ್ಮೆ ವಿಡಿಯೊ ನಿಂತು ಮುಂದುವರಿದರೆ ಆ ತಡವೂ ಕೂಡಿಕೊಳ್ಳುತ್ತದೆ. 'ಲೈವ್' ಗುಂಡಿ ಒತ್ತಿದರೆ ಅಷ್ಟು ಮಾತ್ರ ವಾಪಸು ಸಿಗುತ್ತದೆ. ಗುಂಪನ್ನು ಪಂದ್ಯ ಮುಗಿಯುವವರೆಗೆ ಮ್ಯೂಟ್ ಮಾಡುವುದೇ ಸರಿ.

ಕೊನೆಗೆ ಗಡಿಯಾರ. ಆಪ್‌ನ ಕಾರ್ಯಕ್ರಮ ಪಟ್ಟಿ ಊರಿನ ಹೊತ್ತು ತೋರಿಸುತ್ತದೋ ಫೋನಿನ ಹೊತ್ತು ತೋರಿಸುತ್ತದೋ ಎಂದು ತಿಳಿಯಲು, ನೇರಪ್ರಸಾರದ ವಾರ್ತೆಯ ಮೂಲೆಯಲ್ಲಿ ಕಾಣುವ ಗಡಿಯಾರದೊಂದಿಗೆ ತಾಳೆ ನೋಡಿ. ವ್ಯತ್ಯಾಸವನ್ನು ಒಂದು ಸಲ ಬಾಯಿಪಾಠ ಮಾಡಿಕೊಂಡರೆ ಮುಗಿಯಿತು ಎಂದುಕೊಂಡವರು ಮಾರ್ಚ್‌ನಲ್ಲಿ ಕಾರ್ಯಕ್ರಮ ತಪ್ಪಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಗಡಿಯಾರ ಮುಂದಕ್ಕೆ ಹೋಗುವುದು ಮಾರ್ಚ್‌ನ ಎರಡನೇ ಭಾನುವಾರ, ಯೂರೋಪಿನಲ್ಲಿ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಎರಡರ ಅಂತರ ಒಂದು ಗಂಟೆ ಕಡಿಮೆ. ಶರತ್ಕಾಲದಲ್ಲಿ ಯೂರೋಪು ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಬರುತ್ತದೆ, ಅಮೆರಿಕ ನವೆಂಬರ್ ಮೊದಲ ಭಾನುವಾರ. ಆಗ ಒಂದೇ ವಾರದ ಗೊಂದಲ. ಎರಡರಲ್ಲಿ ಒಂದು ದೇಶ ಗಡಿಯಾರವನ್ನು ಮುಟ್ಟದೇ ಇದ್ದರೆ ಅಂತರ ವರ್ಷಕ್ಕೆ ಎರಡು ಸಲ ಬದಲಾಗಿ ತಿಂಗಳುಗಟ್ಟಲೆ ಹಾಗೇ ಉಳಿಯುತ್ತದೆ. ಫೋನಿನ ಗಡಿಯಾರದ ಪುಟಕ್ಕೆ ಊರಿನ ಹೆಸರು ಸೇರಿಸಿಟ್ಟುಕೊಳ್ಳಿ, ಕಾರ್ಯಕ್ರಮದ ಜ್ಞಾಪನೆಯನ್ನು ಊರಿನ ಕಾಲವಲಯದಲ್ಲೇ ಕ್ಯಾಲೆಂಡರ್‌ಗೆ ಹಾಕಿ. ಕೂಡಿ ಕಳೆಯುವ ಕೆಲಸ ಅದು ಮಾಡಿಕೊಳ್ಳಲಿ.