ಕೆಂಪು ಊರಿನಲ್ಲಿ ಕಪ್ಪು

ಶನಿವಾರ, 14 ಡಿಸೆಂಬರ್ 2024
ಬೀದರ್

ನಮ್ಮ ಫೋಟೊ ಗುಂಪಿನ ಸ್ಪರ್ಧೆಗೆ ಈ ತಿಂಗಳ ವಿಷಯ ಕಪ್ಪು. ನಾಳೆ ರಾತ್ರಿ ಹನ್ನೆರಡರ ಒಳಗೆ ಒಬ್ಬೊಬ್ಬರು ಒಂದೇ ಫೋಟೊ ಕಳಿಸಬೇಕು. ಕ್ರಾಪ್ ಮಾಡಬಹುದು, ಬೆಳಕು ಸ್ವಲ್ಪ ಹೆಚ್ಚು ಕಡಿಮೆ ಮಾಡಬಹುದು. ಬಣ್ಣದ ಫೋಟೊ ತೆಗೆದು ಆಮೇಲೆ ಬ್ಲ್ಯಾಕ್ ಅಂಡ್ ವೈಟ್ ಮಾಡುವಂತಿಲ್ಲ. ಫೋಟೊ ಜೊತೆ ಯಾರ ಹೆಸರೂ ಇರಬಾರದು. ವೋಟು ಮುಗಿದ ಮೇಲೇ ಯಾವುದು ಯಾರದು ಅಂತ ಹೇಳುತ್ತಾರೆ. ಈ ಕೊನೆಯ ನಿಯಮ ಇಷ್ಟು ದಿನ ನನಗೆ ತುಂಬಾ ಸರಿ ಅನಿಸುತ್ತಿತ್ತು. ಇವತ್ತು ಸಂಜೆಯಿಂದ ಅದೇ ತಲೆ ತಿನ್ನುತ್ತಿದೆ.

ಫೋಟೊಗಳು ಆಗಲೇ ಬರುತ್ತಿವೆ. ಅಡ್ಮಿನ್ ಅಣ್ಣ ಹೆಸರು ತೆಗೆದು ಒಂದೊಂದೇ ಗುಂಪಿಗೆ ಹಾಕುತ್ತಿದ್ದಾರೆ. ಎಮ್ಮೆ ಬೆನ್ನ ಮೇಲೆ ಕೂತ ಬೆಳ್ಳಕ್ಕಿ, ರೊಟ್ಟಿ ಹಂಚಿನ ತಳ, ಕೂಸಿನ ಗಲ್ಲದ ಮೇಲಿನ ದೃಷ್ಟಿಬೊಟ್ಟು. ದೃಷ್ಟಿಬೊಟ್ಟಿನ ಫೋಟೊ ಬಹಳ ಚೆನ್ನಾಗಿದೆ. ಕೂಸಿನ ಮುಖ ಪೂರ್ತಿ ಕಾಣಲ್ಲ. ಗಲ್ಲ ಮತ್ತು ತಾಯಿಯ ಬೆರಳು, ಅಷ್ಟೇ. ಬೆರಳ ತುದಿಯಲ್ಲಿ ಇನ್ನೂ ಸ್ವಲ್ಪ ಕಾಡಿಗೆ ಉಳಿದಿದೆ. ನನ್ನ ವೋಟು ಬಹುಶಃ ಅದಕ್ಕೇ. ಒಂದು ಎರಿ ಹೊಲವೂ ಬಂದಿದೆ, ಔರಾದ್ ಕಡೆಯದಿರಬೇಕು. ಕಡಲೆ ಗಿಡ ಇನ್ನೂ ಗೇಣುದ್ದ, ನಡುವೆ ಬಿರುಕು ಬಿಟ್ಟ ಕರಿ ಮಣ್ಣು.

ನಮ್ಮ ಊರಲ್ಲಿ ಅಂಥ ಮಣ್ಣು ಕಾಣಬೇಕಾದರೆ ಊರು ದಾಟಿ ಇಳಿಜಾರು ಇಳಿದು ಹೋಗಬೇಕು. ಬೀದರ್ ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಮೇಲೆ. ಕೋಟೆ ಗೋಡೆ ಕೆಂಪು. ಕಂದಕವನ್ನು ಕೊರೆದದ್ದೂ ಅದೇ ಕೆಂಪು ಬಂಡೆಯಲ್ಲಿ. ಮಳೆ ಬಂದರೆ ಓಣಿಯಲ್ಲಿ ಹರಿಯುವ ನೀರೂ ಕೆಂಪು. ವಿಷಯ ಹೇಳಿದ ದಿನ ನನಗೆ ಮೊದಲು ನೆನಪಾದದ್ದು ಕೋಟೆಯೊಳಗಿನ ರಂಗೀನ್ ಮಹಲ್. ಅಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸ ಇದೆ, ಬೀದರ್ ಆಳಿದ ಬರೀದ್ ಶಾಹಿಗಳ ಕಾಲದ್ದು. ಬಾಗಿಲು ತೆಗೆಸಿ ಒಳಗೆ ಹೋಗಿ ತೆಗೆದೂ ಬಂದೆ. ಕತ್ತಲ ಕೋಣೆ, ಓರೆಯಾಗಿ ಬೀಳುವ ಬೆಳಕಿಗೆ ಚಿಪ್ಪು ಒಂದೊಂದು ಕಡೆಯಿಂದ ಒಂದೊಂದು ಬಣ್ಣ. ಫೋಟೊ ಚೆನ್ನಾಗಿಯೇ ಬಂದಿದೆ. ಆದರೂ ಅದನ್ನು ನೋಡುವಾಗಲೆಲ್ಲ, ಯಾರೋ ಮಾಡಿ ಮುಗಿಸಿದ ಚಿತ್ರವನ್ನು ನಾನು ಎತ್ತಿಕೊಂಡು ಬಂದೆ ಅನಿಸುತ್ತದೆ. ಆ ಚಿಪ್ಪುಗಳನ್ನು ಕತ್ತರಿಸಿ ಕೂರಿಸಿದವನು ಯಾರು ಅಂತ ಆ ಗೋಡೆ ಹೇಳುವುದಿಲ್ಲ.

ಹಾಗಾಗಿ ಇವತ್ತು ಊರ ನಡುವಿನ ಹಳೆ ಗೋಪುರ ಚೌಬಾರಾ ಹಿಂದಿನ ಓಣಿಗೆ ಹೋದೆ. ಬಿದರಿ, ಅಂದರೆ ಕರಿ ಲೋಹದಲ್ಲಿ ಬೆಳ್ಳಿ ಕೂರಿಸುವ ಕೆಲಸ ಮಾಡುವ ಚಾಚಾ ಅವರ ಕಾರ್ಖಾನಾ ಅಲ್ಲಿದೆ, ಅಕ್ಕನ ಮಗಳ ಮದುವೆಗೆ ಹೂದಾನಿ ತಂದದ್ದು ಅಲ್ಲಿಂದಲೇ.

"ಸುತ್ತಿಗಿ ಹಿಡ್ಕೊಂಡು ಕುಂದರ್ಲಾ?" ಅಂತ ಕೇಳಿದರು. ಕ್ಯಾಮೆರಾ ತಂದವರೆಲ್ಲ ಹಾಗೇ ಕೂರಿಸುತ್ತಾರಂತೆ.

"ಬ್ಯಾಡ್ರಿ ಚಾಚಾ. ನಿಮ್ಮ ಕೆಲಸ ನೀವು ಮಾಡ್ರಿ. ನಾ ಸುಮ್ನೆ ಕುಂತಿರ್ತೀನಿ."

"ಹಂಗಾದ್ರ ಮೊದ್ಲು ಛಾ ಕುಡಿ ಬೇಟಾ. ಕರಿ ಮಾಡೋದು ಮಧ್ಯಾಹ್ನದ ಮ್ಯಾಲೆ ಅದ."

ಮುಗಿಯಲು ಬಂದಿದ್ದ ಒಂದು ಸುರಾಯಿಯನ್ನು, ಉದ್ದ ಕುತ್ತಿಗೆಯ ಹೂಜಿಯನ್ನು, ಕೈಗೆ ಕೊಟ್ಟರು. ತಗಡಿನ ಬಣ್ಣ. ಅದರ ಮೈತುಂಬ ಬೆಳ್ಳಿ ಬಳ್ಳಿ ಇದೆ ಅಂತ ಹೇಳಿದರೂ ನನಗೆ ಕಾಣಲಿಲ್ಲ. ಬಿದರಿ ಅಂದರೆ ಸತು, ಜೊತೆಗೆ ಸ್ವಲ್ಪ ತಾಮ್ರ. 16 ಪಾಲಿಗೆ 1 ಪಾಲು. ಎರಕ ಹೊಯ್ದು, ಅರದಲ್ಲಿ ಉಜ್ಜಿ ನಯ ಮಾಡಿದ ಮೇಲೆ ಮೈಲುತುತ್ತದ ನೀರು ಹಚ್ಚುತ್ತಾರೆ. ಆಗ ಬರುವುದು ತಾತ್ಕಾಲಿಕ ಕಪ್ಪು, ಚಿತ್ರ ಗೀರಲು ಮಾತ್ರ. ಉಳಿಯಿಂದ ಕೆತ್ತಿ, ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸಿ, ಮತ್ತೆ ಉಜ್ಜುವಾಗ ಆ ಕಪ್ಪು ಹೋಗಿಬಿಡುತ್ತದೆ. ಆಗ ಸತುವೂ ಬೆಳ್ಳಿಯೂ ಒಂದೇ ಬಣ್ಣ. ಬೆರಳು ಆಡಿಸಿದರೂ ತಂತಿ ಎಲ್ಲಿದೆ ಗೊತ್ತಾಗಲ್ಲ, ಅಷ್ಟು ಸಮ. ಬಾಗಿಲ ಕಡೆ ತಿರುಗಿಸಿ ಓರೆ ಹಿಡಿದಾಗ ಒಂದು ಎಲೆ ಮಿಂಚಿ ಹೋಯಿತು. ಎಷ್ಟೋ ದಿನಗಳ ಕೆಲಸ ಹೀಗೆ ಕಣ್ಣಿಗೆ ಬೀಳದ ಹಾಗೆ ಕೂತಿರುತ್ತದೆ. ನನಗಂತೂ ಹೊಟ್ಟೆಯಲ್ಲಿ ಒಂಥರಾ ಆಯಿತು.

ಕೊನೆಯ ಕಪ್ಪಿಗೆ ಬೇಕಾದದ್ದು ಕೋಟೆಯ ಮಣ್ಣು. ಹಳೆ ಕಟ್ಟಡಗಳ ಒಳಗೆ ಬಿಸಿಲು ಮಳೆ ಬೀಳದ ಜಾಗದ್ದು. ಡಬ್ಬಿಯಿಂದ ಚಾಚಾ ಒಂದು ಚಿಟಿಕೆ ತೆಗೆದು ನಾಲಿಗೆ ಮೇಲೆ ಇಟ್ಟುಕೊಂಡರು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು.

"ಆಗ್ತದ" ಅಂದರು.

"ಏನು ಗೊತ್ತಾಯ್ತ್ರಿ ಚಾಚಾ?"

"ನಾಲ್ಗಿಗಿ ಗೊತ್ತಾಗ್ತದ, ಬಾಯಿಲೆ ಹೇಳ್ಲಿಕ್ಕಿ ಬರಲ್ಲ. ನಾ ಸಣ್ಣವ ಇದ್ದಾಗ ನಮ್ಮ ಅಬ್ಬಾ ನಂಗೂ ತಿನ್ಸ್ಯಾರ. ಇದು ಆಗ್ತದ, ಇದು ಆಗಲ್ಲ, ಇಷ್ಟೇ ಹೇಳೋರು. ನಾ ಅದೇ ರುಚಿ ಹಿಡ್ಕೊಂಡೀನಿ."

ನನ್ನ ಅಂಗೈಗೂ ಒಂದಿಷ್ಟು ಹಾಕಿದರು. ಸ್ವಲ್ಪ ಉಪ್ಪುಪ್ಪು ಅನಿಸಿತು. ಕೆಂಪು ಕೋಟೆಯ ಒಳಗಿನ ಮಣ್ಣೇ ಈ ಕಪ್ಪನ್ನು ಕೊಡುತ್ತದೆ ಅನ್ನುವುದು ಓದಿ ಗೊತ್ತಿತ್ತು. ನಾಲಿಗೆ ಮೇಲೆ ಇಟ್ಟುಕೊಂಡಾಗ ಅದು ಬೇರೆಯೇ.

ಮಣ್ಣಿಗೆ ನವಸಾಗರ ಸೇರಿಸಿ ನೀರಲ್ಲಿ ಕಲಸಿದರು. ಸುರಾಯಿಯನ್ನು ಸಣ್ಣಗೆ ಬಿಸಿ ಮಾಡಿ ಕುತ್ತಿಗೆಯಿಂದ ತಿಕ್ಕುತ್ತ ಬಂದರು. ತಿಕ್ಕಿ ಒರೆಸಿದ ಕಡೆ ಸತು ಕಪ್ಪಾಗಿತ್ತು. ಬೆಳ್ಳಿ ಹಾಗೇ ಇತ್ತು. ಅಂದರೆ ಕುತ್ತಿಗೆಯಲ್ಲಿ ಬಳ್ಳಿ ಎದ್ದು ಬಂದಿದೆ, ಹೊಟ್ಟೆಯ ಭಾಗ ಇನ್ನೂ ತಗಡು. ಒಂದೇ ಬಳ್ಳಿ, ಮೇಲೆ ಕಾಣುತ್ತದೆ, ಕೆಳಗೆ ಕಾಣಲ್ಲ. ಚಾಚಾ ನನ್ನನ್ನು ಮರೆತೇಬಿಟ್ಟಿದ್ದರು. ಅವರ ಹೆಬ್ಬೆರಳು ಸರಿಯಾಗಿ ಆ ಗಡಿಯ ಮೇಲಿತ್ತು. ತೆಗೆದೆ. ಮೈಯೆಲ್ಲ ಜುಮ್ಮಂದಿತು.

"ಇದು ಬಣ್ಣ ಅಲ್ಲ, ನೋಡು" ಅಂದರು ತಿಕ್ಕುತ್ತಲೇ. "ಬಣ್ಣ ಆಗಿದ್ರ ಉಗರಿಲೆ ಕೆರದ್ರ ಹೋಗ್ತಿತ್ತು."

ಕಪ್ಪು ವಸ್ತುವಿನ ಫೋಟೊ ತೆಗೆಯುವವರಿಗೆ ಒಂದು ಮಾತು, ಮುಂದಿನ ಸಲಕ್ಕಾದರೂ ಉಪಯೋಗಕ್ಕೆ ಬರಬಹುದು. ಕ್ಯಾಮೆರಾದ ಮೀಟರ್ ಎದುರಿಗಿರುವುದೆಲ್ಲ ನಡುವಿನ ಬೂದು ಬಣ್ಣ ಅಂತಲೇ ಲೆಕ್ಕ ಹಾಕುತ್ತದೆ. ಕಪ್ಪು ಕಂಡರೆ ಕತ್ತಲಾಗಿದೆ ಅಂತ ಬೆಳಕು ಜಾಸ್ತಿ ಬಿಡುತ್ತದೆ. ಕಪ್ಪು ಬೂದಾಗುತ್ತದೆ, ಬೆಳ್ಳಿ ಗೆರೆಯೆಲ್ಲ ಬರೀ ಬಿಳಿ. ಎಕ್ಸ್‌ಪೋಷರ್ ಅನ್ನು ಮೈನಸ್ ಕಡೆ ಇಳಿಸಬೇಕು. ಮೊಬೈಲಿನಲ್ಲಾದರೆ ಪರದೆ ಮೇಲೆ ಬೆರಳಿಟ್ಟು ಕೆಳಗೆ ಎಳೆಯಿರಿ. ಎಣ್ಣೆ ಹಚ್ಚಿ ಒರೆಸಿದ ಬಿದರಿ ಇನ್ನೂ ಕಷ್ಟ. ಎದುರಿಗಿದ್ದದ್ದೆಲ್ಲ ಅದರೊಳಗೆ ಕಾಣುತ್ತದೆ. ಕಿಟಕಿ, ಟ್ಯೂಬ್‌ಲೈಟು, ನನ್ನ ಹಳದಿ ದುಪಟ್ಟಾ. ಚಾಚಾ ಅವರ ಸೊಸೆ ನೋಡಿ ನಕ್ಕಳು. ಬಾಗಿಲಿಗೆ ಒಂದು ಬಿಳಿ ಚಾದರ ಕಟ್ಟಿದಳು, ಬಿಸಿಲು ಮೆತ್ತಗಾಯಿತು. ತನ್ನ ಕರಿ ಓಢಣಿ ನನ್ನ ಹೆಗಲಿಗೆ ಹಾಕಿದಳು. ಹಳದಿ ಹೋಯಿತು. ಫೋಟೊ ಬಗ್ಗೆ ಏನೂ ಓದದವಳು, ಬೆಳಕು ಎಲ್ಲಿ ಬಿದ್ದರೆ ಬೆಳ್ಳಿ ಹೇಗೆ ಕಾಣುತ್ತದೆ ಅಂತ ನನಗಿಂತ ಚೆನ್ನಾಗಿ ಗೊತ್ತು ಅವಳಿಗೆ.

ಸುರಾಯಿಯ ಬಳ್ಳಿ ಅವಳದೇ ಕೆಲಸ. ತಾರ್‌ಕಶಿ. ಚಾಚಾ ಕೆತ್ತಿಕೊಡುತ್ತಾರೆ, ತಂತಿ ಕೂರಿಸುವುದು ಅವಳು. ಹೊಸದೊಂದು ತಟ್ಟೆ ಹಿಡಿದು ತೋರಿಸಿದಳು. ಬೆಳ್ಳಿ ತಂತಿಯ ತುದಿಯನ್ನು ಉಗುರಿನಿಂದ ಗೆರೆಯೊಳಗೆ ಒತ್ತಿ, ತಿರುವಿನಲ್ಲಿ ಬಗ್ಗಿಸಿ, ಸಣ್ಣ ಉಳಿ ಇಟ್ಟು ಎರಡು ಏಟು. ಎಲೆ ಮುಗಿದ ಕಡೆ ತಂತಿ ಕತ್ತರಿಸಿ, ಮುಂದಿನ ಎಲೆ. ತಂತಿ ಒತ್ತಿ ಒತ್ತಿ ಹೆಬ್ಬೆರಳ ಉಗುರಿನ ನಡುವೆ ಒಂದು ಗೀರು ಬಿದ್ದಿದೆ.

"ಕೈ ಅಷ್ಟೇ ತಗೋರಿ ಅಕ್ಕಾ, ಮುಖ ಬ್ಯಾಡ."

"ಆಯ್ತು, ಕೈ ಅಷ್ಟೇ."

ಫೋಟೊ ತೋರಿಸಿದೆ. ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಕೇಳಿದಳು: "ಇದು ಎಲ್ಲಿ ಹಾಕ್ತೀರಿ? ಅಲ್ಲಿ ನನ್ನ ಹೆಸರು ಬರ್ತದೇನ್ರಿ?"

ನಿಯಮ ಹೇಳಿದೆ. ನನ್ನ ಹೆಸರೂ ಬರಲ್ಲ ಅಂದೆ.

"ನಿಮ್ದು ಆಮ್ಯಾಲೆ ಬರ್ತದಲ್ರಿ" ಅಂದಳು. ಕೋಪ ಇರಲಿಲ್ಲ ಮಾತಿನಲ್ಲಿ. ಕೇಳಿ, ಮತ್ತೆ ತಟ್ಟೆ ಎತ್ತಿಕೊಂಡಳು.

2006ರಲ್ಲಿ ಬಿದರಿಗೆ ಜಿಐ ಟ್ಯಾಗ್, ಅಂದರೆ ಭೌಗೋಳಿಕ ಗುರುತು, ಬಂತು, ಊರಿನ ಹೆಸರಿಗೆ ಒಂದು ಕಾವಲು ಸಿಕ್ಕಿತು. 2023ರಲ್ಲಿ ನಮ್ಮ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಬಿದರಿ ಮಾಡುವವರೊಬ್ಬರ ಹೆಸರು ಎಲ್ಲರ ಬಾಯಲ್ಲಿ ಬಂತು. ಅವತ್ತು ನನಗೆ ಎಷ್ಟು ಖುಷಿ ಆಗಿತ್ತು ಅಂದರೆ ಆಫೀಸಿಗೆ ಪೇಢಾ ಒಯ್ದಿದ್ದೆ. ಆದರೆ ಅಕ್ಕನ ಮಗಳ ಮನೆಯಲ್ಲಿರುವ ಹೂದಾನಿಗೆ ತಂತಿ ಕೂರಿಸಿದವರು ಯಾರು? ನಾವು ಕೇಳಲೇ ಇಲ್ಲ. ಡಬ್ಬಿ ಮೇಲೆ ಬಿದರಿ ಅಂತಿತ್ತು, ಬೆಲೆ ಇತ್ತು.

ಅಕ್ಕ ಹುಮನಾಬಾದಿನಿಂದ ಈಗಷ್ಟೇ ಫೋನ್ ಮಾಡಿದ್ದಳು. ಎಳ್ಳಮಾವಾಸ್ಯೆಗೆ ಹೊಲಕ್ಕೆ ಬರಲೇಬೇಕಂತೆ. ಈ ತಿಂಗಳ 30ಕ್ಕೆ ಬಂದಿದೆ, ಸೋಮವಾರ, ರಜೆ ಹಾಕಬೇಕು. ಭಜ್ಜಿಗೆ ಸೊಪ್ಪು ಕಾಳು ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ, ಸಜ್ಜಿ ಕಡುಬು ನನ್ನ ಪಾಲಿಗೆ. ಹೂದಾನಿ ವಿಷಯ ಕೇಳಿದೆ. "ಯಾಕ, ಕರಿ ಬಿಡ್ತದೇನು?" ಅಂತ ಅವಳಿಗೆ ಗಾಬರಿ. ಇಲ್ಲ ಅಂದೆ. ಆ ಮನೆ ಕಡೆ ಹೋದಾಗ ಅದರ ತಳದ ಫೋಟೊ ತೆಗೆದು ಕಳಿಸು ಅಂದೆ. ತಳದಲ್ಲಿ ಏನಾದರೂ ಗೀರಿರಬಹುದು ಅಂತ ಒಂದು ಆಸೆ.

ಊಟ ಆದ ಮೇಲೆ ಅಡ್ಮಿನ್ ಅಣ್ಣನಿಗೆ ಮೆಸೇಜ್ ಹಾಕಿದೆ. "ಗೆದ್ದರೆ ಆಗ ಅವರ ಹೆಸರೂ ಹಾಕೋಣ ಬಿಡ್ರಿ ಮೇಡಂ" ಅಂತ ಉತ್ತರ ಬಂತು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ. ಆದರೆ ಗೆಲ್ಲದಿದ್ದರೆ? ದೃಷ್ಟಿಬೊಟ್ಟಿಗೆ ನನ್ನ ವೋಟೇ ಇದೆ, ಉಳಿದವರೂ ಅದಕ್ಕೇ ಹಾಕುತ್ತಾರೆ. ಗೆಲ್ಲುವುದಕ್ಕೂ ಅವಳು ಆ ಬಳ್ಳಿ ಮಾಡಿದ್ದಕ್ಕೂ ಏನು ಸಂಬಂಧ ಅಲ್ವಾ? ಹೆಸರು ಬೇಡ ಅನ್ನುವುದು ಫೋಟೊ ತೆಗೆದವರ ಮುಖ ನೋಡಿ ವೋಟು ಹಾಕಬಾರದು ಅಂತ. ಅದು ನ್ಯಾಯ. ಅವಳ ಹೆಸರು ಗೊತ್ತಾದರೆ ಯಾರ ವೋಟು ಆಚೀಚೆ ಆಗುತ್ತದೆ?

ನಿಯಮಗಳನ್ನು ಮತ್ತೆ ಪೂರ್ತಿ ಓದಿದೆ. ಫೋಟೊಗೆ ಒಂದು ಶೀರ್ಷಿಕೆ ಕೊಡಬಹುದು ಅಂತಿದೆ. ಅದು ಹೀಗೇ ಇರಬೇಕು ಅಂತ ಎಲ್ಲೂ ಇಲ್ಲ. ಶೀರ್ಷಿಕೆ ಜಾಗದಲ್ಲಿ ಅವಳ ಹೆಸರನ್ನೇ ಬರೆದರೆ? ಬೆಳಿಗ್ಗೆ ಹೋಗಿ ಅವಳನ್ನು ಕೇಳಬೇಕು, ಓಢಣಿಯನ್ನೂ ಕೊಟ್ಟು ಬರಬೇಕು. ಅಲ್ಲಿಗೆ ಉಗುರಿನ ಫೋಟೊ ಕಳಿಸಬೇಕು ಅಂತಾಯಿತು. ಅದು ಅವಳೊಬ್ಬಳದೇ. ಆದರೆ ಅದರಲ್ಲಿ ಕಪ್ಪು ಎಲ್ಲಿದೆ, ಬರೀ ತಾತ್ಕಾಲಿಕ ಕಪ್ಪು, ನಾಳೆ ಉಜ್ಜಿ ಹೋಗುವುದು. ಕಪ್ಪು ನಿಜವಾಗಿ ಹುಟ್ಟುತ್ತಿರುವುದು ಸುರಾಯಿಯಲ್ಲಿ. ಅದನ್ನು ಕಳಿಸಿದರೆ ಚಾಚಾ ಅವರ ಕೈ ಇದೆ, ಅವಳ ಬಳ್ಳಿ ಇದೆ, ಎರಡು ಹೆಸರು ಬರೆಯಬೇಕು. ಎರಕ ಹೊಯ್ದವರು ಇನ್ನೊಬ್ಬರಂತೆ, ಹಿಂದಿನ ಓಣಿಯವರು, ಅವರನ್ನು ನಾನು ನೋಡಿಯೂ ಇಲ್ಲ, ಅವರ ಹೆಸರು